ಮೇ ತಿಂಗಳಲ್ಲೇ ಬರಲಿ ಎಂದ ಅಕ್ಕೋರು

ಅಕ್ಕೋರ ಕನ್ನಡಕದ ಎಡಗಾಜಿನ ತುಂಬ ಗೀರುಗಳು. ಬಲಗಾಜು ಮಾತ್ರ ಅಂಗಡಿಯಿಂದ ಈಗಷ್ಟೇ ತಂದಂತೆ ಸ್ವಚ್ಛ. ಹೊಸಬರು ನೋಡಿ, ಎಲ್ಲೋ ಬಿದ್ದಿರಬೇಕು ಅಂದುಕೊಳ್ಳುತ್ತಿದ್ದರು. ಬಿದ್ದದ್ದೂ ಅಲ್ಲ, ಏನೂ ಅಲ್ಲ. ಶೆಡ್ಡಿನಲ್ಲಿ ನಮ್ಮ ಯಂತ್ರ ಓಡುತ್ತಿರುವಾಗ, ಗಾಳಿ ಹೊರಬರುವ ಕೊಳವೆಯ ಬಾಯಿಗೆ ಅವರು ಕನ್ನಡಕ ತೆಗೆದು ಎಡಗಾಜನ್ನು ಒಡ್ಡುತ್ತಿದ್ದರು. ಗಾಜಿನ ಮೇಲೆ ತೆಳ್ಳಗೆ ಮಂಜು ಕೂತರೆ, "ಹ್ಞಾಂ, ಛಲೋ ಅದ." ಮಂಜೇ ಕೂರದಿದ್ದರೆ ಹುಬ್ಬು ಗಂಟಿಕ್ಕುತ್ತಿತ್ತು. ಮಂಜಿನ ಬದಲು ಹನಿ ಇಳಿದರೆ, "ಮುಳುಗ್ತು ನೋಡು!" ಎಂದು ಸೆರಗಿನಿಂದ ಗಾಜು ತಿಕ್ಕುತ್ತ ವಾಲ್ವಿನ ಕಡೆ ಓಡುವುದು. ತೇವ ಅಳೆಯುವ ಮೀಟರು ಪಕ್ಕದಲ್ಲೇ ಇತ್ತು. ಅದು ಯೋಚಿಸಿ ಉತ್ತರ ಕೊಡುವ ಹೊತ್ತಿಗೆ ಅಕ್ಕೋರು ಕೆಲಸ ಮುಗಿಸಿರುತ್ತಿದ್ದರು.

ಅವರು ವಿಜಾಪುರದ ಕಡೆಯವರು. ರಸಾಯನ ಎಂಜಿನಿಯರಿಂಗ್ ಓದಿ, ಮದುವೆಯಾಗಿ ಪುಣೆಗೆ ಬಂದು, ಇಲ್ಲಿಯ ಒಂದು ಸಂಶೋಧನಾ ಸಂಸ್ಥೆಯ ಹಿತ್ತಿಲಲ್ಲಿದ್ದ ತಗಡಿನ ಶೆಡ್ಡಿನಲ್ಲಿ ಫ್ಯುಯೆಲ್ ಸೆಲ್ ಕಟ್ಟುತ್ತಿದ್ದರು. ತೊಂಬತ್ತರ ದಶಕದ ನಡುವೆ ನಾನು ಅಲ್ಲಿಗೆ ಸೇರಿದೆ. ಪುಣೆಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ ನಾನು. ಮನೆಯ ಹೊಸಿಲು ದಾಟಿದರೆ ಮರಾಠಿ. ಮೊದಲ ದಿನವೇ ಬಿಸಿ ಕೊಳವೆ ಮುಟ್ಟಿ "ಅಯ್ಯಯ್ಯವ್ವಾ!" ಎಂದು ಕಿರುಚಿದೆ. ಆಚೆಯಿಂದ ಒಂದು ದನಿ: "ಯವ್ವಾ, ನೀ ನಮ್ಮಾಕೀನಾ! ಮೊದಲ ಹೇಳಬಾರದೇನ? ಬೆಳಗಿಂದ ಮರಾಠಿ ಮಾತಾಡಿ ನನ್ನ ನಾಲಿಗಿ ಒಣಗೇದ." ಸುಟ್ಟ ಬೆರಳನ್ನು ನಲ್ಲಿಯ ಕೆಳಗೆ ಹಿಡಿಸಿದರು. ಅಂದಿನಿಂದ ನನಗೆ ಅವರು ಅಕ್ಕೋರು. ನನ್ನ ಬಾಯಿಂದ ಕೇಳಿ ಕೇಳಿ ಶೆಡ್ಡಿನ ಮರಾಠಿ ಫಿಟ್ಟರನೂ ಅಕ್ಕೋರು ಅನ್ನಲು ಶುರುಮಾಡಿದ.

ಆ ಯಂತ್ರದ ವಿಷಯ ಹೇಳಲೇಬೇಕು, ಹೇಳದಿದ್ದರೆ ಅಕ್ಕೋರು ಅರ್ಥವಾಗುವುದಿಲ್ಲ. ತೆಳುವಾದೊಂದು ಪೊರೆ. ಒಂದು ಬದಿಗೆ ಜಲಜನಕ, ಇನ್ನೊಂದು ಬದಿಗೆ ಗಾಳಿ. ಉರಿಯಿಲ್ಲ, ಹೊಗೆಯಿಲ್ಲ, ಕರೆಂಟು ಬರುತ್ತದೆ, ಜೊತೆಗೆ ನೀರು ಹುಟ್ಟುತ್ತದೆ, ಶಾಖ ಹುಟ್ಟುತ್ತದೆ. ಇಂಥ ಸೆಲ್ಲುಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಿ, ಎರಡೂ ತುದಿಗೆ ದಪ್ಪ ಲೋಹದ ಹಲಗೆ ಕೊಟ್ಟು ಬಿಗಿದರೆ ಒಂದು ಸ್ಟ್ಯಾಕ್. ಕೇಳಲು ಎಷ್ಟು ಸುಲಭ! ಆದರೆ ಆ ಪೊರೆ ಮಹಾ ಹಟಮಾರಿ. ಒಣಗಿದರೆ ಕೆಲಸ ಮಾಡುವುದಿಲ್ಲ. ನೀರು ಹೆಚ್ಚಾದರೆ ಗಾಳಿ ಓಡಾಡುವ ಸಣ್ಣ ಸಣ್ಣ ಕಾಲುವೆಗಳು ಕಟ್ಟಿಕೊಂಡು ಸೆಲ್ಲು ಉಸಿರು ಬಿಡಲಾಗದೆ ಕೂತುಬಿಡುತ್ತದೆ.

"ಜ್ವಾಳದ ರೊಟ್ಟಿ ಮಾಡ್ತೀಯೇನ?" ಎಂದು ಮೊದಲ ವಾರ ಕೇಳಿದರು.

"ಬರೂದಿಲ್ರಿ," ಅಂದೆ.

"ಹಂಗಾರ ಇದೂ ತಡಾನೇ. ಹಂಚಿನ ಮ್ಯಾಲಿನ ರೊಟ್ಟಿಗೆ ನೀರು ಸವರತೀವಲ್ಲ, ಕಡಿಮಿ ಆದ್ರ ಒಡೀತದ, ಹೆಚ್ಚಾದ್ರ ಹಸಿಬಿಸಿ ಆಗ್ತದ. ಕೈಗೆ ತಿಳೀಬೇಕು. ಆಯಿತವಾರ ಮನಿಗೆ ಬಾ."

ಹೋದೆ. ಎಂಜಿನಿಯರಿಂಗಿನ ಸ್ನಾತಕೋತ್ತರ ಪದವಿ ಹಿಡಿದುಕೊಂಡು ಅವರ ಅಡುಗೆಮನೆಯಲ್ಲಿ ರೊಟ್ಟಿ ಬಡಿದೆ. ನನ್ನ ರೊಟ್ಟಿ ನೋಡಿ ಅವರ ಯಜಮಾನರು, "ಇದು ಯಾವ ದೇಶದ ನಕಾಶಿ?" ಎಂದರು. ಅಕ್ಕೋರು ಬಿದ್ದು ಬಿದ್ದು ನಕ್ಕರು. ರೊಟ್ಟಿ ನನಗೆ ಇವತ್ತಿಗೂ ಬರುವುದಿಲ್ಲ. ಪೊರೆ ಮಾತ್ರ ಕೈಗೆ ತಿಳಿಯಿತು.

ಸಂಸ್ಥೆಯ ದೊಡ್ಡ ಸಾಹೇಬರಿಗೆ ನಮ್ಮ ಶೆಡ್ಡಿನ ಮೇಲೆ ನಂಬಿಕೆಯೇ ಇರಲಿಲ್ಲ. "ಇದು ಥಂಡಿ ದೇಶದವರ ಆಟಿಕೆ, ನಮ್ಮ ಬಿಸಿಲಿಗೆ ನಿಲ್ಲುವುದಿಲ್ಲ" ಎಂಬುದು ಅವರ ಮಾತು. ಪೂರ್ತಿ ಸುಳ್ಳೂ ಅಲ್ಲ ಅದು. ಕಾರಿನ ಎಂಜಿನ್ನು ಕುದಿಯುವಷ್ಟು ಬಿಸಿ ಇರುತ್ತದೆ, ಹಾಗಾಗಿ ಬೇಸಿಗೆಯ ಗಾಳಿಯೂ ಅದಕ್ಕೆ ತಂಪೇ. ನಮ್ಮ ಸೆಲ್ಲು ಹದ ಬಿಸಿಯಲ್ಲೇ ಇರಬೇಕು. ಹೊರಗಿನ ಗಾಳಿಯೇ ಬಿಸಿಯಾಗಿದ್ದರೆ ಅದು ತನ್ನ ಶಾಖವನ್ನು ಎಲ್ಲಿ ಚೆಲ್ಲಬೇಕು? ಕೊನೆಗೊಂದು ದಿನ ಸಾಹೇಬರು ಹೇಳಿಯೇಬಿಟ್ಟರು: ಪರಿಶೀಲನಾ ಸಮಿತಿ ಬರುತ್ತದೆ, ಅವರೆದುರು ಸ್ಟ್ಯಾಕ್ ಪೂರ್ತಿ ಶಕ್ತಿಯಲ್ಲಿ ಸ್ಥಿರವಾಗಿ ಓಡಬೇಕು, ಓಡದಿದ್ದರೆ ಶೆಡ್ಡಿಗೆ ಬೀಗ, ನಮಗೆಲ್ಲ ಬೇರೆ ಬೇರೆ ವಿಭಾಗ. ಯಾವ ತಿಂಗಳಲ್ಲಿ ಬರಲಿ ಎಂದು ಕೇಳಿದರು. ಡಿಸೆಂಬರ್ ಅನ್ನಿ, ಡಿಸೆಂಬರ್ ಅನ್ನಿ ಎಂದು ನಾನು ಹಿಂದಿನಿಂದ ಕಣ್ಣಲ್ಲೇ ಬೇಡುತ್ತಿದ್ದೆ.

"ಮೇ ತಿಂಗಳಲ್ಲೇ ಬರಲಿ," ಎಂದರು ಅಕ್ಕೋರು.

ಹೊರಗೆ ಬಂದವಳೇ ಸಿಟ್ಟಾದೆ. "ಏನ್ರಿ ಅಕ್ಕೋರ, ಹುಚ್ಚೇನ್ರಿ ನಿಮಗ?"

"ಡಿಸೆಂಬರ್‌ನಾಗ ಓಡಿಸಿ ತೋರಿಸಿದ್ರ, ಮೇದಾಗ ಓಡೂದಿಲ್ಲ ಅಂತಾರ. ಮೇದಾಗ ಓಡಿಸಿದ್ರ ಏನಂತಾರ? ಹೇಳು."

ಮೇ ತಿಂಗಳಿಗೆ ಇನ್ನೆಷ್ಟು ದಿನ ಎಂದು ನಾನು ಬೆರಳು ಮಡಚತೊಡಗಿದೆ.

ಅಬ್ಬಾ, ಆ ಬೇಸಿಗೆಯ ಓಡಾಟವೇ! ಹೋಳಿ ಮುಗಿದ ಕೂಡಲೇ ಪುಣೆಯ ಮನೆಗಳಲ್ಲಿ ರಗ್ಗು ಸ್ವೆಟರುಗಳನ್ನು ಒಗೆದು ಟ್ರಂಕಿಗೆ ಹಾಕುತ್ತಾರಲ್ಲ, ಅದೇ ಉಮೇದಿನಲ್ಲಿ ನಾವು ಸ್ಟ್ಯಾಕಿನ ಎರಡೂ ತುದಿಗೆ ಚಳಿಗಾಲದಲ್ಲಿ ಸುತ್ತಿದ್ದ ಗಾಜಿನ ಉಣ್ಣೆಯ ಹೊದಿಕೆಯನ್ನು ಬಿಚ್ಚಿಟ್ಟೆವು. ಅಕ್ಕೋರು ಅದನ್ನು ಕೌದಿ ಅನ್ನುತ್ತಿದ್ದರು. "ಈ ಸೆಕಿಯೊಳಗ ಅದಕ್ಯಾಕ ಕೌದಿ? ತಗೀರಿ," ಎಂದರು. ಸಾಲದ್ದಕ್ಕೆ ಮನೆಯ ಕೂಲರನ್ನೂ ಟೆಂಪೋದಲ್ಲಿ ತರಿಸಿ, ಹುಲ್ಲಿನ ಪರದೆಗೆ ನೀರು ಸುರಿದು, ಸ್ಟ್ಯಾಕಿನ ಎಡಕ್ಕೆ ನಿಲ್ಲಿಸಿದರು. ತಣ್ಣನೆಯ ಗಾಳಿ ಬೀಸಿದಾಗ ನಮಗೆಲ್ಲ ಸ್ವರ್ಗಕ್ಕೆ ಮೂರೇ ಗೇಣು. ಬಿಸಿಲ ಊರಿನಿಂದ ಬಂದ ಹೆಂಗಸು ಅವರು. ಬಂದವರಿಗೆ ಮೊದಲು ನೆರಳು, ಆಮೇಲೆ ನೀರು, ಆಮೇಲೆ ಮಾತು. ಯಂತ್ರಕ್ಕೂ ಅದೇ ಉಪಚಾರ ಮಾಡಿದರು. ನಮಗ್ಯಾರಿಗೂ ತಪ್ಪೆನಿಸಲಿಲ್ಲ.

ಸಮಿತಿ ಬಂತು. ತಗಡು ಕಾದು ಚಟಚಟ ಅನ್ನುತ್ತಿತ್ತು. ಸಾಹೇಬರು, ಅವರ ಜೊತೆ ಸೂಟು ಹಾಕಿ ಬಂದು ಪಶ್ಚಾತ್ತಾಪಪಡುತ್ತಿದ್ದ ನಾಲ್ಕಾರು ಹಿರಿಯರು. ಸ್ಟ್ಯಾಕ್ ಶುರುವಾಯಿತು. ಒಂದೊಂದೇ ಸೆಲ್ಲಿನ ವೋಲ್ಟೇಜು ಓದಿ ಹೇಳುವ ಕೆಲಸ ನನ್ನದು. ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ಎಡತುದಿಯ ಸೆಲ್ಲು ಇಳಿಯಿತು. ಪಕ್ಕದ್ದೂ ಇಳಿಯಿತು. ನನ್ನ ದನಿಯೂ ಇಳಿಯಿತು.

"ಬಿಸಿ ಜಾಸ್ತಿಯಾಯಿತು, ನಾನು ಹೇಳಿರಲಿಲ್ಲವೇ?" ಎಂದರು ಸಾಹೇಬರು. "ಕೂಲರ್ ಇನ್ನೂ ಹತ್ತಿರ ತನ್ನಿ!"

ಫಿಟ್ಟರ್ ಓಡಿಹೋಗಿ ಕೂಲರನ್ನು ಹತ್ತಿರಕ್ಕೆ ಎಳೆದ. ವೋಲ್ಟೇಜು ಧಡ್ಡನೆ ಇನ್ನೂ ಕೆಳಕ್ಕೆ ಬಿತ್ತು. ಶೆಡ್ಡಿಗೆ ಬೀಗ ಬಿದ್ದ ಸದ್ದು ನನ್ನ ಕಿವಿಗೆ ಆಗಲೇ ಕೇಳಿಸಿತು.

ಅಕ್ಕೋರು ಸ್ಟ್ಯಾಕಿನ ಹತ್ತಿರ ಹೋದರು. ಎಡತುದಿಯ ಹಲಗೆಯ ಮೇಲೆ ಅಂಗೈ ಇಟ್ಟರು. ನಡೆದುಹೋಗಿ ಬಲತುದಿಯ ಮೇಲೆ ಇಟ್ಟರು. ಮತ್ತೆ ಎಡಕ್ಕೆ ಬಂದರು. ಅವರ ಮುಖ ಒಮ್ಮೆಲೇ ಅರಳಿತು ನೋಡಿ, ಸೋಲುತ್ತಿರುವವರ ಮುಖ ಹಾಗೆ ಅರಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ತಂಗೀ! ಇದು ಸೆಕಿ ಅಲ್ಲ, ಥಂಡಿ! ಇದಕ್ಕ ಥಂಡಿ ಹತ್ಯದ! ಕೂಲರ್ ಬಂದ್ ಮಾಡು! ಎಲ್ಲಿ ಅದಾವ ಕೌದಿ?"

ನನಗೂ ಆಗ ಹೊಳೆಯಿತು. ನಡುವಿನ ಸೆಲ್ಲುಗಳು ಒಂದಕ್ಕೊಂದು ಅಂಟಿ ಬೆಚ್ಚಗಿದ್ದವು. ತುದಿಯದಕ್ಕೆ ಆಚೆ ಯಾರೂ ಇಲ್ಲ; ಮೇಲೆ ಕೂಲರಿನ ಗಾಳಿ ಬೇರೆ. ತಣ್ಣಗಾದ ಸೆಲ್ಲಿನೊಳಗೆ ಆವಿಯೆಲ್ಲ ನೀರಾಗಿ ನಿಂತು ಕಾಲುವೆ ಕಟ್ಟಿಕೊಂಡಿತ್ತು. ಹೊರಗೆ ಇಡೀ ಪುಣೆ ಬೇಯುತ್ತಿದ್ದರೆ ನಮ್ಮ ಸೆಲ್ಲು ತಣ್ಣಗಾಗಿ ಮುಳುಗಿತ್ತು!

ಕೂಲರ್ ನಿಂತಿತು. ಅಕ್ಕೋರು ಸಮಿತಿಯವರ ತಲೆಯ ಮೇಲಿನ ಫ್ಯಾನನ್ನೂ ನಿಲ್ಲಿಸಿದರು. ನಾನೂ ಫಿಟ್ಟರನೂ ಹೊದಿಕೆ ತಂದು ತುದಿಗಳಿಗೆ ಬಿಗಿದೆವು. "ಈಗ ಗಾಳಿ ಜೋರ್ ಬಿಡು," ಎಂದರು. ಬಿಟ್ಟೆ. ಕೊಳವೆ ಗೊರಗೊರ ಅಂದಿತು, ಕೆಮ್ಮಿತು, ಪಚಕ್ಕನೆ ನೀರುಗುಳಿತು! ಉಗುಳಿದ್ದು ನೇರ ಸಾಹೇಬರ ಪಾಲಿಶ್ ಮಾಡಿದ ಬೂಟಿನ ಮೇಲೆ. ಆ ಕ್ಷಣ ಮೀಟರಿನ ಮುಳ್ಳು ಮೇಲೆದ್ದಿತು. ನಾನು ಅಂಕಿ ಓದುವುದು ಬಿಟ್ಟು, "ಬಂತ್ರೀ, ಅಕ್ಕೋರ, ಬಂತ್ರೀ!" ಎಂದು ಸಮಿತಿಯೆದುರು ಕನ್ನಡದಲ್ಲಿ ಕೂಗುತ್ತಿದ್ದೆ.

ಅಕ್ಕೋರು ಸಾಹೇಬರ ಕಡೆ ತಿರುಗಿ ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದರು: "ತಪ್ಪು ನನ್ನದು. ಹೊದಿಕೆ ತೆಗೆಸಿದವಳು ನಾನು, ಕೂಲರ್ ತರಿಸಿದವಳೂ ನಾನು. ಬಿಸಿಲಿಗೆ ಹೆದರಿ ತುದಿಗಳನ್ನು ತಣ್ಣಗೆ ಮಾಡಿದೆ. ಈಗ ನೀವು ಬಯಸುವಷ್ಟು ಹೊತ್ತು ಕೂತು ನೋಡಿ. ಆದರೆ ಫ್ಯಾನ್ ಸಿಗುವುದಿಲ್ಲ."

ಕೂತರು, ಪಾಪ! ಸೂಟುಗಳು ಕುರ್ಚಿಯ ಬೆನ್ನಿಗೆ ಹೋದವು, ಟೈಗಳು ಜೇಬಿಗೆ ಇಳಿದವು. ಅಕ್ಕೋರು ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಸ್ಟ್ಯಾಕ್ ಮಾತ್ರ ಅತ್ತ ಇತ್ತ ಅಲುಗದೆ ಗುಂಯ್ ಎಂದು ಓಡುತ್ತಲೇ ಇತ್ತು. ಬೆವರಿನಲ್ಲಿ ತೊಯ್ದ ಸಾಹೇಬರು ಕೊನೆಗೆ ಎದ್ದು, ಒದ್ದೆ ಬೂಟು ನೋಡಿಕೊಂಡು, ಎರಡೇ ಮಾತು ಹೇಳಿದರು: "ಚಾಲೂ ಠೇವಾ." ನಡೆಸಿಕೊಂಡು ಹೋಗಿ ಅಂತ! ಅವರು ಬಾಗಿಲು ದಾಟುವವರೆಗೆ ನಾವು ಹೇಗೆ ಸುಮ್ಮನಿದ್ದೆವೋ ದೇವರಿಗೇ ಗೊತ್ತು. ಆಮೇಲೆ ಅಕ್ಕೋರು ನನ್ನ ಎರಡೂ ಕೈ ಹಿಡಿದು ಶೆಡ್ಡಿನ ನಡುವೆ ಫುಗಡಿ ಹಾಕಿ ತಿರುಗಿದರು.

ಬೀಗ ಬೀಳಲಿಲ್ಲ. ಕೆಲಸ ಬೆಳೆಯಿತು, ಶೆಡ್ಡೂ ದೊಡ್ಡದಾಯಿತು. ಅಕ್ಕೋರು ನಿವೃತ್ತರಾಗಿ ಪುಣೆಯಂಚಿನ ವಾಕಡದಲ್ಲಿ ಮಗಳ ಮನೆಯ ಪಕ್ಕ ಫ್ಲ್ಯಾಟು ಹಿಡಿದರು. ಆದರೆ ಅವರ ಮನಸ್ಸಿನಲ್ಲಿ ಒಂದು ಮಾತು ಉಳಿದುಬಿಟ್ಟಿತ್ತು: "ಶೆಡ್ಡಿನಾಗ ಓಡಿದ್ದು ಓಡಿದ್ದಲ್ಲ. ಬಿಸಿಲಾಗ ಘಟ್ಟ ಹತ್ತಿ ಇಳೀಬೇಕು ಅದು. ಅದನ್ನ ನಾ ಕೇಳಬೇಕು." ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಏಪ್ರಿಲ್ಲಿನಲ್ಲಿ ನಾವು ಸ್ಟ್ಯಾಕನ್ನು ಮೂರು ಗಾಲಿಯ ಟೆಂಪೋಗೆ ಕೂಡಿಸಿ, ಅದರ ಕರೆಂಟಿನಿಂದಲೇ ಮೋಟರು ಓಡುವಂತೆ ಮಾಡಿ, ಭೋರ್ ದಾರಿಯ ಘಟ್ಟಕ್ಕೆ ಒಯ್ದೆವು. ಅಷ್ಟರಲ್ಲಿ ಅಕ್ಕೋರಿಗೆ ಹೃದಯದ ಕಾಯಿಲೆ. ಮೆಟ್ಟಿಲು ಇಳಿಯುವುದಕ್ಕೂ ಡಾಕ್ಟರರ ಅಪ್ಪಣೆ ಇರಲಿಲ್ಲ.

ಏರಿದೆವು! ಭಾರ ಹೇರಿಕೊಂಡು, ಆಮೆಯ ವೇಗದಲ್ಲಿ, ರೇಡಿಯೇಟರಿಗೆ ಗಾಳಿಯೇ ಸಿಗದ ತಿರುವುಗಳಲ್ಲಿ. ಬಿಸಿ ಅಪಾಯದ ಗೆರೆ ಮುಟ್ಟಿತು, ದಾಟಲಿಲ್ಲ. ಮೇಲೆ ವಡಾಪಾವ್ ಗಾಡಿಯ ಮುಂದೆ ನಿಂತು ನಾವೆಲ್ಲ ಕುಣಿದೆವು. ನಾನು ಮೊಬೈಲಿನಲ್ಲಿ ಅಕ್ಕೋರಿಗೆ ಫೋನ್ ಹಚ್ಚಿದೆ. "ಹತ್ತಿದ್ವಿ ಅಕ್ಕೋರ! ಕುದೀಲಿಲ್ಲ!"

ಆಚೆ ಅವರು ಮಗುವಿನಂತೆ ನಕ್ಕರು. ಮರುಕ್ಷಣವೇ ದನಿ ಬದಲಾಯಿತು. "ಕುಣೀಬ್ಯಾಡ, ಕೇಳಿಲ್ಲಿ. ಇಳಿಯೂವಾಗ ಮೋಟರಿಗೆ ಕೆಲಸಿಲ್ಲ, ಮ್ಯಾಲೆ ಗಾಳಿ ಬೀಸತದ. ಬಿಸಿ ಇದ್ದದ್ದು ಒಮ್ಮೆಲೇ ತಣ್ಣಗಾಗಿ ನೀರು ತುಂಬತದ. ರೇಡಿಯೇಟರ್ ಮುಚ್ಚು. ಸೆಲ್ಲಿಗೆ ಏನರೆ ಕೆಲಸ ಕೊಡು. ಗಾಳಿ ಜೋರ್ ಬಿಡ್ತಾ ಇಳಿ."

ಸಂಭ್ರಮದಲ್ಲಿ ಇಳಿಜಾರಿನ ಯೋಚನೆಯೇ ನಮಗಿರಲಿಲ್ಲ. ಗಾಡಿಯವನಿಂದ ರಟ್ಟಿನ ಡಬ್ಬ ಕೇಳಿ ತಂದು ರೇಡಿಯೇಟರಿಗೆ ಕಟ್ಟಿದೆವು. ಸೆಲ್ಲಿಗೆ ಕೆಲಸ ಬೇಕಲ್ಲ, ಹೆಡ್‌ಲೈಟು, ವೈಪರು, ಇದ್ದಬದ್ದದ್ದನ್ನೆಲ್ಲ ಹಾಕಿದೆವು. ಏಪ್ರಿಲ್ಲಿನ ನಡುಮಧ್ಯಾಹ್ನ ದೀಪ ಉರಿಸಿಕೊಂಡು, ಒಣ ಗಾಜಿನ ಮೇಲೆ ವೈಪರು ಆಡಿಸುತ್ತ ನಾವು ಘಟ್ಟ ಇಳಿದೆವು. ಎದುರು ಬಂದ ಸ್ಕೂಟರಿನವರೆಲ್ಲ ಕೈಯಾಡಿಸಿ, "ದಾದಾ, ಲೈಟ್ ಚಾಲೂ ಆಹೇ!" ಎಂದು ಕೂಗುತ್ತಿದ್ದರು. ಗೊತ್ತಪ್ಪಾ, ಗೊತ್ತು! ಕೆಳಗೆ ಬಂದು ತುದಿಯ ಸೆಲ್ಲುಗಳನ್ನು ಓದಿದೆ. ಎರಡೂ ನಡುವಿನವುಗಳ ಸಮಕ್ಕೇ ಇದ್ದವು.

ಮತ್ತೆ ಫೋನ್ ಮಾಡಿದೆ. ಅವರ ಯಜಮಾನರು ಎತ್ತಿದರು. "ಈಗಷ್ಟ ನಿದ್ದಿ ಹತ್ಯದವಾ ಆಕಿಗೆ. ಎಬ್ಬಿಸ್ಲೇನು?"

"ಬ್ಯಾಡ್ರಿ ಕಾಕಾ, ಮಲಗ್ಲಿ. ಇಳದ್ವಿ, ಒಂದು ಸೆಲ್ಲಿನಾಗೂ ನೀರು ನಿಂತಿಲ್ಲ. ನಾಳಿ ಮುಂಜಾನೆ ನಾನ ಬಂದು ಹೇಳ್ತೀನಿ."

ಮುಂಜಾನೆ ನಾನು ಹೊರಡುವ ಮೊದಲೇ ಸುದ್ದಿ ಬಂತು. ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ವಾಕಡ ಮುಟ್ಟುವವರೆಗೂ ಒಂದೇ ಸಂಕಟ: ಎಬ್ಬಿಸಿ ಅಂದಿದ್ದರೆ ಏನಾಗುತ್ತಿತ್ತು, ಅಷ್ಟು ವರ್ಷ ಕಾದವರಿಗೆ ಇಳಿದದ್ದು ಗೊತ್ತಾಗಲೇ ಇಲ್ಲವಲ್ಲ. ಬಾಗಿಲಲ್ಲಿ ಕಾಕಾ ನಿಂತಿದ್ದರು. ನನ್ನನ್ನು ಕಂಡು ಹತ್ತಿರ ಬಂದರು.

"ನೀ ಬ್ಯಾಡ ಅಂದ್ರೂ ನಾ ಎಬ್ಬಿಸಿದೆವಾ," ಎಂದರು. "ಇಳೀತಂತ ನೋಡು, ಅಂದೆ. 'ನೀರು?' ಅಂದ್ಲು. ನಿಂತಿಲ್ಲಂತ, ಅಂದೆ. 'ಎರಡೂ ಕಡೀಗೆ?' ಅಂದ್ಲು. ನನಗೇನ ಗೊತ್ತವಾ ಅದು? ಹೂಂ, ಎರಡೂ ಕಡೀಗೆ ಅಂದೆ. ಕೈ ಹಿಡಕೊಂಡು ಮಲಗಿದ್ಲು. ನಾ ಹೇಳಿದ್ದು ಖರೇನ ಹೌದಲ್ಲ?"

"ಖರೇ ಅದ ಕಾಕಾ," ಎಂದೆ, "ಎರಡೂ ಕಡೀಗೆ."