ಒಂದು ಸ್ವರ ಮೇಲೆ ಬರೆದ ಹಾಳೆ

ನಮ್ಮತ್ತೆಗೆ ಸಂಗೀತ ಬರುತ್ತಿರಲಿಲ್ಲ, ಅಕ್ಷರ ಬರುತ್ತಿತ್ತು. ಅವಳ ತಮ್ಮ, ಅಂದರೆ ನನ್ನಪ್ಪ, ಐದು ಜನರ ವಾದ್ಯತಂಡದಲ್ಲಿ ಕ್ಲಾರಿನೆಟ್ ಊದುತ್ತಿದ್ದ. ನಲವತ್ತು ವಾದ್ಯಗಳ ಸಿನಿಮಾ ಹಾಡನ್ನು ಐದು ವಾದ್ಯಗಳಿಗೆ ಇಳಿಸಿ ಬರೆಯುವವನೂ ಅವನೇ. ಆದರೆ ಅವನ ಬರಹ ಕೋಳಿ ಕೆದರಿದ ಹಾಗೆ. ಅದನ್ನು ಐವರಿಗೂ ಬೇರೆಬೇರೆ ಹಾಳೆಗಳಲ್ಲಿ ದುಂಡಗೆ ನಕಲು ಮಾಡಿಕೊಡುವುದು ಅತ್ತೆಯ ಕೆಲಸ. ಇಪ್ಪತ್ತು ವರ್ಷ ಬರೆದರೂ ಯಾವ ಚುಕ್ಕೆ ಯಾವ ಸದ್ದು ಎಂದು ಅವಳು ಕೇಳಿದವಳಲ್ಲ. “ಅಂಚೆಯವನು ಕಾಗದ ಒಡೆದು ಓದ್ತಾನಾ?” ಎನ್ನುತ್ತಿದ್ದಳು.

ಬಸ್ ನಿಲ್ದಾಣದ ಮಹಡಿಯ ಮೇಲಿನ ಹೋಟೆಲಿನಲ್ಲಿ ದಿನಾ ಮಧ್ಯಾಹ್ನ ಮೂರಕ್ಕೆ ತಂಡ ನುಡಿಸಲು ಶುರುಮಾಡುತ್ತಿತ್ತು. ನಾನು ಕೆಳಗೆ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದೆ. ಸರಿಯಾಗಿ ನನ್ನ ತಲೆಯ ಮೇಲೆ ಅವರ ವೇದಿಕೆ. ಮೊದಲ ಹಾಡಿನಲ್ಲಿ ಒಂದು ಉದ್ದನೆಯ ಸಾಲಿತ್ತು. ಅಪ್ಪ ಅದನ್ನು ಒಂದೇ ಉಸಿರಿಗೆ ಮುಗಿಸುತ್ತಿದ್ದ. ಕೊನೆಯ ವರ್ಷ ಶ್ವಾಸಕೋಶ ಕೈಕೊಟ್ಟ ಮೇಲೆ ಸಾಲಿನ ನಡುವೆ ಒಮ್ಮೆ ಉಸಿರೆಳೆದುಕೊಳ್ಳತೊಡಗಿದ, ಆಮೇಲೆ ಎರಡು ಸಲ, ಮೂರು ಸಲ. ಮನೆಯಲ್ಲಿ ಕೇಳಿದರೆ “ಗಟ್ಟಿಮುಟ್ಟಾಗಿದೀನಿ” ಎನ್ನುತ್ತಿದ್ದ. ಕೆಳಗೆ ಕೂತ ನನಗೆ ಡಾಕ್ಟರಿಗಿಂತ ಮೊದಲೇ ಲೆಕ್ಕ ಸಿಗುತ್ತಿತ್ತು. ಒಂದು ಬೆಳಿಗ್ಗೆ ಅವನು ಏಳಲಿಲ್ಲ.

ಹೋಟೆಲ್ ಮಾಲೀಕರು ಕೆಟ್ಟವರಲ್ಲ. ನಾಲ್ವರ ವಾದ್ಯ ಬೋಳುಬೋಳಾಗಿದೆ ಎಂದರು. ಒಂದು ತಿಂಗಳಲ್ಲಿ ಸರಿಹೋಗದಿದ್ದರೆ ತಂಡವನ್ನು ಬಿಡಿಸಿ ಸ್ಪೀಕರ್ ಹಾಕಿಸುತ್ತೇನೆ ಎಂದರು. ತಂಡದ ಹಿರಿಯರು ಆಳೆತ್ತರದ ತಂತಿವಾದ್ಯ ಡಬಲ್ ಬಾಸ್ ನುಡಿಸುತ್ತಿದ್ದರು. ಮೈಯೂ ವಾದ್ಯವೂ ಒಂದೇ ಅಳತೆಯವಾದ್ದರಿಂದ ಎಲ್ಲರೂ ಅವರನ್ನು ಗುಡಾಣ ಎಂದೇ ಕರೆಯುತ್ತಿದ್ದರು. ಅವರು ಅದೇ ಸಂಜೆ ಮನೆಗೆ ಬಂದರು.

“ಐದನ್ನ ನಾಲ್ಕು ಮಾಡ್ಬೇಕಮ್ಮ. ನೀನೇ ಬರಿ.”

“ನಂಗೇನು ಗೊತ್ತಣ್ಣ? ನಕಲು ಮಾಡೋಳು ನಾನು.”

“ತಲೆಗೆ ಗೊತ್ತಿಲ್ದೇ ಇರಬಹುದು. ಇಪ್ಪತ್ತು ವರ್ಷ ಬರೆದ ಕೈಗೆ ಗೊತ್ತಿರತ್ತೆ.”

ಅತ್ತೆ ಕಲಿಯಲು ಕೂತಳು. ತಮ್ಮ ಕಟ್ಟಿದ ತಂಡ ಅವನ ಹಿಂದೆಯೇ ಹೋಗುವುದು ಅವಳಿಗೆ ಸಹಿಸಲಾಗದ ಮಾತಾಗಿತ್ತು. ಬಡಿಸುವಾಗ ಪಂಕ್ತಿಭೇದ ಮಾಡದವಳು, ಹಾಗಾಗಿ ತನ್ನ ಮೊದಲ ಪ್ರಯತ್ನದಲ್ಲಿ ವಯೊಲಿನ್, ಅಕಾರ್ಡಿಯನ್, ಬಾಸ್ ಮೂರಕ್ಕೂ ರಾಗವನ್ನೇ ಹಂಚಿಬಿಟ್ಟಳು. ಡ್ರಮ್ಮಿಗೂ ಏನಾದರೂ ಸಿಹಿಯಾದದ್ದು ಕೊಡಬೇಕಿತ್ತು ಎಂದು ನೊಂದುಕೊಂಡಳು. ಗುಡಾಣ ನಕ್ಕು ಕೆಮ್ಮಿದರು. “ಎಲ್ಲರೂ ಒಟ್ಟಿಗೆ ಮಾತಾಡಿದ್ರೆ ಜಗಳ ಆಗತ್ತೆ. ಒಬ್ಬ ಹೇಳ್ಬೇಕು, ಒಬ್ಬ ಹೂಂ ಅನ್ಬೇಕು, ಒಬ್ಬ ಸುಮ್ನಿರ್ಬೇಕು. ಯಾರನ್ನ ಸುಮ್ನಿರಿಸ್ಬೇಕು ಅನ್ನೋದೇ ವಿದ್ಯೆ.” ಹೊಡೆದು ಹಾಕಿದ ಹಾಳೆಗಳಿಂದ ನಮ್ಮ ಒಲೆ ಒಂದು ವಾರ ಉರಿಯಿತು. ಮೂರನೆಯ ವಾರಕ್ಕೆ ಹನ್ನೊಂದು ಹಾಡುಗಳು ಸಿದ್ಧವಾದವು. ಅಪ್ಪ ಇದ್ದಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದ.

ಅಪ್ಪನ ಉದ್ದನೆಯ ಸಾಲಿದ್ದ, ಮೂರು ಗಂಟೆಯ ಆ ಹಾಡನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಮಾಲೀಕರು ಕೇಳಲು ಕೂರುವ ದಿನ ಬೆಳಿಗ್ಗೆ, ಇನ್ನು ವಿಧಿಯಿಲ್ಲ ಎಂದು, ಅಪ್ಪನ ಕ್ಲಾರಿನೆಟ್ ಹಾಳೆಯನ್ನು ವಯೊಲಿನ್ನಿಗೆ ಬರೆದಳು. ಬರೆಯುತ್ತ ಅಳುತ್ತಿದ್ದಳು. ಅಭ್ಯಾಸಕ್ಕೆ ಸಮಯವಿರಲಿಲ್ಲ.

ಮೂರು ಗಂಟೆಗೆ ನನ್ನ ಮುಂದೆ ಟಿಕೆಟ್ಟಿನ ಸಾಲಿತ್ತು. ಮೇಲೆ ಹಾಡು ಶುರುವಾಯಿತು. ಉದ್ದನೆಯ ಸಾಲು ಬಂತು, ನಡುವೆ ಒಂದು ಕಡೆ ತುಂಡಾಯಿತು, ಮತ್ತೆ ಮುಂದುವರಿಯಿತು. ನಾನು ಒಬ್ಬ ಪ್ರಯಾಣಿಕನಿಗೆ ಮೂರು ಟಿಕೆಟ್ ಹರಿದುಕೊಟ್ಟೆ. ಅವನು ಕೇಳಿದ್ದು ಒಂದೇ.

ಹಾಡು ಮುಗಿದ ಮೇಲೆ ಮಾಲೀಕರು ಅತ್ತೆಗೆ ಹೇಳಿದರಂತೆ, “ಚೆನ್ನಾಗಿದೆ, ನಡೀಲಿ. ಐದನೆಯವ್ರನ್ನ ಕಂಬದ ಹಿಂದೆ ಯಾಕೆ ಕೂರಿಸಿದೀರಾ? ಮುಂದಕ್ಕೆ ಕರೀರಿ.” ತಮಾಷೆಯೆಂದು ಅತ್ತೆ ನಕ್ಕಳಂತೆ.

ಮನೆಗೆ ಬಂದು ಹಾಳೆಗಳನ್ನು ಜೋಡಿಸುವಾಗ ಅವಳ ಮುಖ ಬಿಳಿಚಿತು. ಅಪ್ಪನ ಕ್ಲಾರಿನೆಟ್ಟಿಗೆ ಬರೆಯುವುದು ಒಂದು ಸ್ವರ ಮೇಲೆ. ಊದಿದಾಗ ಒಂದು ಸ್ವರ ಕೆಳಗೆ ಕೇಳಿ ಉಳಿದವರೊಂದಿಗೆ ಕೂಡಿಕೊಳ್ಳುತ್ತದೆ. ವಯೊಲಿನ್ ಬರೆದದ್ದನ್ನೇ ನುಡಿಸುತ್ತದೆ. ನಕಲು ಮಾಡುವ ಹಳೇ ಚಾಳಿಯಲ್ಲಿ ಅತ್ತೆ ಸ್ವರಗಳನ್ನು ಇಳಿಸದೆ ಇದ್ದಂತೆಯೇ ಬರೆದುಬಿಟ್ಟಿದ್ದಳು. ಅದನ್ನು ನುಡಿಸಿದ್ದರೆ ಜನ ಕಿವಿ ಮುಚ್ಚಿಕೊಂಡು ಏಳಬೇಕಿತ್ತು.

ನಾವಿಬ್ಬರೂ ವಯೊಲಿನ್ನಿನವರ ಮನೆಗೆ ಓಡಿದೆವು. ಅವರು ತಲೆ ತಗ್ಗಿಸಿದರು. “ಮೊದಲನೇ ಸ್ವರಕ್ಕೇ ತಪ್ಪು ಅಂತ ಗೊತ್ತಾಯ್ತಕ್ಕ. ಬಿಲ್ಲನ್ನ ತಂತಿಗೆ ತಾಗಿಸದೆ ಸುಮ್ನೆ ಆಡಿಸ್ತಾ ಕೂತೆ. ರಾಗ ನಡೀತಿತ್ತಲ್ಲ, ಅಕಾರ್ಡಿಯನ್ ಹಿಡ್ಕೊಂಡಿದೆ ಅಂದ್ಕೊಂಡೆ.” ಪಕ್ಕದ ಬೀದಿಯ ಅಕಾರ್ಡಿಯನ್ನಿನವರು ಬಾಗಿಲಲ್ಲೇ ನಿಂತು ಹೇಳಿದರು, “ನಾನು ಬರೀ ಹೂಂ ಅನ್ನೋನು. ರಾಗ ವಯೊಲಿನ್ನಿಂದು, ಅಲ್ವಾ?”

ದಾರಿಯಲ್ಲಿ ಅತ್ತೆ ನನ್ನ ಕೈ ಬಿಡಲೇ ಇಲ್ಲ. ಆ ಹಾಳೆಯನ್ನು ತಿದ್ದಬೇಡ ಎಂದು ನಾನೇ ಅಂಗಲಾಚಿದೆ. ಅವಳಿಗೂ ಬೇಕಾಗಿದ್ದದ್ದು ಅದೇ. ತಂಡದವರು ಹೆದರಿದರು, ಆದರೆ ಒಂದು ವಾರದ ಮಟ್ಟಿಗೆ ಒಪ್ಪಿದರು. ಮೂರಕ್ಕೆ ವಯೊಲಿನ್ನಿನವರು ಕಣ್ಣು ಮುಚ್ಚಿ ಬಿಲ್ಲನ್ನು ಗಾಳಿಯಲ್ಲಿ ಎಳೆಯುತ್ತಿದ್ದರು. ಹಾಡು ತಾನಾಗಿ ನಡೆಯುತ್ತಿತ್ತು. ಕೆಳಗೆ ನಾನು ಅಪ್ಪನನ್ನು ಕೇಳುತ್ತಿದ್ದೆ. ಅಷ್ಟು ಸಂತೋಷ ನನಗೆ ಅವನು ಬದುಕಿದ್ದಾಗಲೂ ಆಗಿರಲಿಲ್ಲ.

ಮೂರನೆಯ ದಿನ ಸಾಲು ಎರಡು ಕಡೆ ತುಂಡಾಯಿತು. ಐದನೆಯ ದಿನ ಮೂರು ಕಡೆ. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತೆ ಏನು ಮಾಡುತ್ತಾಳೆಂದು ನನಗೆ ಗೊತ್ತಿತ್ತು.

ಆರನೆಯ ದಿನ ಅವಳು ಮೇಲೆ ಹೋಗದೆ ನನ್ನ ಕೌಂಟರಿನೊಳಗೆ ಬಂದು ಸ್ಟೂಲಿನ ಮೇಲೆ ಕೂತಳು. ಮೂರಾಯಿತು. ಅವಳು ಸೂರನ್ನು ನೋಡುತ್ತ ಬೆರಳು ಮಡಚುತ್ತ ಹೋದಳು. ಒಂದು, ಎರಡು, ಮೂರು, ನಾಲ್ಕು. ಕೊನೆಯ ಉಸಿರೆಳೆತ ಎಷ್ಟು ಹೊತ್ತು ಹಿಡಿಯಿತೆಂದರೆ ಗುಡಾಣ ಒಂದೇ ಸ್ವರವನ್ನು ಮತ್ತೆಮತ್ತೆ ಮೀಟುತ್ತ ಕಾಯಬೇಕಾಯಿತು.

“ದಿನದಿನಕ್ಕೂ ಹೆಚ್ತಿದೆಯಾ?” ಎಂದಳು.

“ಹೂಂ.”

“ನಿಂಗೆ ಗೊತ್ತಿತ್ತು.”

ನಾನು ಟಿಕೆಟ್ ಕಟ್ಟುಗಳನ್ನು ಜೋಡಿಸತೊಡಗಿದೆ.

“ಇದ್ದಾಗ ನನ್ನ ತಮ್ಮನಿಗೆ ಊದಿದ್ದು ಸಾಕು, ಕೂತ್ಕೋ ಅಂತ ಒಬ್ಬರೂ ಹೇಳ್ಲಿಲ್ಲ ಕಣೆ” ಎಂದಳು. “ನಾನೂ ಹೇಳ್ಲಿಲ್ಲ. ನಕಲು ಮಾಡ್ತಾ ಕೂತಿದ್ದೆ.”

ಮನೆಗೆ ಬಂದವಳೇ ಹೊಸ ಹಾಳೆ ತೆಗೆದು, ಒಂದೊಂದೇ ಸ್ವರವನ್ನು ಇಳಿಸಿ ಬರೆದಳು. ನಾನು ಕೂಗಾಡಿದೆ, ಶಾಯಿ ಬಾಟಲಿ ಬಚ್ಚಿಟ್ಟೆ. ಅವಳು ಪೆನ್ಸಿಲಿನಲ್ಲಿ ಬರೆದು ಮುಗಿಸಿದಳು. ಮಾರನೆಯ ದಿನ ಉದ್ದನೆಯ ಸಾಲು ಎಲ್ಲೂ ತುಂಡಾಗದೆ, ವಯೊಲಿನ್ನಿನಲ್ಲಿ, ನುಣ್ಣಗೆ ಬಂತು. ಐದನೆಯವರು ಎಲ್ಲಿ ಎಂದು ಮಾಲೀಕರು ಕೇಳಿದ್ದಕ್ಕೆ ಅತ್ತೆ, “ಅವನಿಗೆ ರಜ ಕೊಟ್ಟಿದೀನಿ” ಎಂದಳಂತೆ.

ನಾನು ಒಂದು ತಿಂಗಳು ಅವಳೊಡನೆ ಮಾತು ಬಿಟ್ಟೆ. ತಂಡ ಇನ್ನೂ ಒಂಬತ್ತು ವರ್ಷ ನುಡಿಸಿತು. ಎಲ್ಲ ಹಾಡುಗಳೂ ಅತ್ತೆಯ ಕೈಯವೇ.

ಈಗ ಅವಳೂ ಇಲ್ಲ. ಹಳೆಯ ಹಾಳೆಯನ್ನು ಅವಳು ಹರಿದಿರಲಿಲ್ಲ, ನನ್ನ ಹೆಸರು ಬರೆದ ಲಕೋಟೆಯಲ್ಲಿ ಇಟ್ಟಿದ್ದಳು. ಅಪ್ಪನನ್ನು ಕೇಳಬೇಕೆಂದು ಜೀವ ಹಂಬಲಿಸುವ ದಿನಗಳಲ್ಲಿ ಅದನ್ನು ತೆಗೆದು ನೋಡುತ್ತೇನೆ. ಯಾರ ಮುಂದೂ ಇಟ್ಟು ನುಡಿಸಿ ಎಂದಿಲ್ಲ.