ಪಂಜರದ ನಾಲ್ಕು ಕೊಕ್ಕೆ

ನಮ್ಮ ಮನೆಯ ಪಂಜರದ ತಲೆಯ ಮೇಲೆ, ನಾಲ್ಕು ಮೂಲೆಗೆ ನಾಲ್ಕು ಕೊಕ್ಕೆಗಳಿವೆ. ಅವನ್ನು ಹಾಕಿಸಿದವನು ನಾನು. ಬೇಡ ಎಂದು ಯಾರೂ ತಡೆಯಲಿಲ್ಲ, ಯಾಕೆಂದರೆ ಅವು ಯಾತಕ್ಕೆಂದು ನಾನು ಮನೆಯಲ್ಲಿ ನಿಜ ಹೇಳಿರಲಿಲ್ಲ. ಈಗಲೂ ಸಂಜೆ ಮಗಳ ಕೋಣೆಯ ಮುಂದೆ ಹಾದುಹೋಗುವಾಗ ನನ್ನ ಕಣ್ಣು ಮೊದಲು ಹೋಗುವುದು ಒಳಗಿರುವ ಪ್ರಾಣಿಯ ಕಡೆಗಲ್ಲ, ಆ ಕೊಕ್ಕೆಗಳ ಕಡೆಗೆ.

ನಾವಿರುವುದು ವಿದ್ಯಾರಣ್ಯಪುರದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ನಾನು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಕಬ್ಬಿಣ ಕೊಯ್ಯುವುದು, ಬೆಸೆಯುವುದು ಕಲಿಸುವವನು. ಊರು ವಿಜಯಪುರ. ಹೆಂಡತಿಯದೂ ಅದೇ ಕಡೆ. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಮಾತು ಬೆಂಗಳೂರಿನದು, ಹಟ ನನ್ನದು. ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ, ಜಕ್ಕೂರಿನಲ್ಲಿ ಅವಳಿಗೆ ಚಿತ್ರ ಬರೆಯುವುದನ್ನು ಹೇಳಿಕೊಡುತ್ತಿದ್ದ ಟೀಚರ್ ಊರು ಬಿಡುವ ಮುನ್ನ ತಮ್ಮ ಎರಡು ಚಿಂಚಿಲ್ಲಾಗಳನ್ನು ಅವಳ ಕೈಗೆ ಒಪ್ಪಿಸಿದರು.

ಚಿಂಚಿಲ್ಲಾ ಎಂದರೆ ಏನೆಂದು ನನಗೆ ಅಂದೇ ತಿಳಿದದ್ದು. ಅಳಿಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು. ಬೂದಿ ಬಣ್ಣದ ದಟ್ಟ ತುಪ್ಪಳ, ಬೆರಳಿಟ್ಟರೆ ಬೆರಳು ಮುಳುಗುವಷ್ಟು. ಕಿವಿಗಳ ಮೇಲೆ ಮಾತ್ರ ಕೂದಲಿಲ್ಲ; ತೆಳ್ಳಗೆ, ಬೆಳಕಿಗೆ ಹಿಡಿದರೆ ನರ ಕಾಣುವ ಹಾಗೆ. ಎಲ್ಲೋ ತಣ್ಣನೆಯ ಬೆಟ್ಟದ ಪ್ರಾಣಿಗಳಂತೆ. ಸ್ನಾನಕ್ಕೆ ನೀರು ಬೇಡ, ಒಂದು ಬೋಗುಣಿಯಲ್ಲಿ ನುಣ್ಣನೆಯ ಮಣ್ಣಿನ ಪುಡಿ ಇಟ್ಟರೆ ಅದರಲ್ಲೇ ಹೊರಳಾಡಿ ಎದ್ದು ಬರುತ್ತವೆ. ಬೆಂಗಳೂರಿನಲ್ಲಿ ಮನುಷ್ಯರಿಗೇ ಸೆಖೆ, ಇವನ್ನು ಇಲ್ಲಿಗೆ ತಂದ ಪುಣ್ಯಾತ್ಮ ಯಾರೋ ಎಂದು ನಾನು ಗೊಣಗಿದೆ.

ಟೀಚರ್ ಬಾಗಿಲವರೆಗೂ ಬಂದು ಒಂದು ಮಾತು ಹೇಳಿದರು. "ಮೊದಲು ಮೂರಿದ್ವು ಸಾರ್. ಹೋದ ಏಪ್ರಿಲ್‌ನಲ್ಲಿ ಒಂದು ಹೋಯ್ತು. ಇವೆರಡನ್ನ ಈ ಬೇಸಿಗೆ ದಾಟಿಸಿಬಿಡಿ, ಅಷ್ಟು ಸಾಕು."

ಆಗಿನ್ನೂ ಫೆಬ್ರವರಿ. ಬೆಳಗ್ಗೆ ಚಳಿ ಇತ್ತು. ಆದರೂ ಮಗಳ ಮುಖ ನೋಡಿದೆ. ಅವಳು ಲೆಕ್ಕ ಹಾಕತೊಡಗಿದ್ದಳು, ಏಪ್ರಿಲ್‌ಗೆ ಇನ್ನೆಷ್ಟು ವಾರ ಎಂದು.

ಅವು ಬಂದದ್ದು ಗಿಣಿ ಸಾಕುವ ಪಂಜರದಲ್ಲಿ. ನೆಲಕ್ಕೂ ತಂತಿಯ ಜಾಲರಿ. ಅದರ ಮೇಲೆ ನಿಂತು ನಿಂತು ಒಂದರ ಹಿಂಗಾಲಿನ ಅಡಿ ಒಡೆದು ಹುಣ್ಣಾಗಿತ್ತು. ಮಗಳು ಹತ್ತಿ ಒತ್ತುತ್ತಾ, "ಅಪ್ಪಾ, ಇವಕ್ಕೆ ಬೇರೆ ಕೇಜ್ ಬೇಕು. ನೀನೇ ನೋಡಿ ಕೊಡ್ಸು, ನಿಂಗೆ ಇದೆಲ್ಲ ಗೊತ್ತಲ್ಲ" ಎಂದಳು. ನನಗೆ ಅಷ್ಟು ಸಾಕಾಯಿತು. ಹೈಸ್ಕೂಲು ಸೇರಿದ ಮೇಲೆ ಅವಳು ನನ್ನನ್ನು ಏನೂ ಕೇಳಿರಲಿಲ್ಲ.

ಮೊದಲು ಆರ್‌.ಟಿ. ನಗರದ ಒಂದು ಸಾಕುಪ್ರಾಣಿ ಅಂಗಡಿಗೆ ಹೋದೆವು. ಅಂಗಡಿಯವನು ಮೊಲದ ಪಂಜರ ತೋರಿಸಿದ, ಕೆಳಗೆ ಪ್ಲಾಸ್ಟಿಕ್ ತಟ್ಟೆ. ಪ್ಲಾಸ್ಟಿಕ್ ಕಡಿದು ನುಂಗುತ್ತವೆ ಎಂದಳು ಮಗಳು. ಎತ್ತರದ ಇನ್ನೊಂದು ತೋರಿಸಿದ. ಕಂಬಿಗಳ ನಡುವೆ ನನ್ನ ಎರಡು ಬೆರಳು ಹೋದವು. ತಲೆ ಸಿಕ್ಕಿಕೊಳ್ಳುತ್ತದೆ ಎಂದಳು. "ಏನೂ ಆಗಲ್ಲ ಪುಟ್ಟಾ, ಎಲ್ರೂ ಇದನ್ನೇ ತಗೊಂಡ್ಹೋಗ್ತಾರೆ" ಎಂದ. ಈ 'ಏನೂ ಆಗಲ್ಲ' ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ವರ್ಕ್‌ಶಾಪಿನಲ್ಲಿ ಬೆರಳು ಕಳೆದುಕೊಂಡವರೆಲ್ಲ ಮೊದಲು ಹೇಳಿದ್ದು ಆ ಮಾತನ್ನೇ. ನಿಮ್ಮ ಪಂಜರವೂ ಬೇಡ ನಿಮ್ಮ ಸಲಹೆಯೂ ಬೇಡ ಎಂದು ಮಗಳ ಕೈ ಹಿಡಿದು ಹೊರಗೆ ಬಂದೆ. ನಾನೇ ಮಾಡಿಸುತ್ತೇನೆ ಎಂದು ಅಲ್ಲೇ ಫುಟ್‌ಪಾತಿನ ಮೇಲೆ ಘೋಷಿಸಿದೆ.

ಆ ಸಂಜೆ ಅವಳು ಒಂದು ಹಾಳೆಯಲ್ಲಿ ಎರಡೂ ಬದಿಗೆ ಬರೆದು ಕೊಟ್ಟಳು. ಮುಂದಿನ ಬದಿಯಲ್ಲಿ ಪಂಜರದ ವಿಷಯ. ಕಂಬಿಗಳ ನಡುವೆ ಒಂದು ಬೆರಳಗಲ, ಅಷ್ಟೇ. ನೆಲ ಮರದ್ದು. ಮೂರು ಅಂತಸ್ತು, ಆದರೆ ಅಂತಸ್ತಿನಿಂದ ಅಂತಸ್ತಿಗೆ ಸಣ್ಣ ಹೆಜ್ಜೆ, ಬಿದ್ದರೆ ಕಾಲು ಮುರಿಯಬಾರದು. ಬಣ್ಣ ಬೇಡ, ಪ್ಲಾಸ್ಟಿಕ್ ಬೇಡ. ಚಿಲಕ ಹೊರಗಿನಿಂದ. ಪಕ್ಕದಲ್ಲಿ ಚಿತ್ರವೂ ಇತ್ತು, ಎರಡು ಕಿವಿ ಮೇಲಂತಸ್ತಿನಿಂದ ಇಣುಕುವ ಹಾಗೆ.

ಹಿಂದಿನ ಬದಿಯನ್ನು ನಾನು ಓದಲಿಲ್ಲ.

ಹಾಳೆಯನ್ನು ಕೊಡಿಗೇಹಳ್ಳಿಯ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಹಳೆಯ ಹೆಂಚಿನ ಮನೆಯೊಂದರ ಮುಂಭಾಗವನ್ನೇ ಅಂಗಡಿ ಮಾಡಿಕೊಂಡ ಸಾಬರು ಅವರು, ನನಗೆ ಹತ್ತು ವರ್ಷದ ಪರಿಚಯ. ಚಿತ್ರ ನೋಡಿ ನಕ್ಕರು. "ಏನ್ ಸಾರ್, ಇಲಿಗೆ ಮೂರು ಮಾಳಿಗೆ ಮನೆನಾ? ನಮ್ಗೇ ಒಂದೇ ಮಾಳಿಗೆ."

"ಇಲಿ ಅಲ್ರೀ. ಭಾಳ ನಾಜೂಕಿನ ಪ್ರಾಣಿ" ಎಂದೆ.

ಅವರು ಹಾಳೆಯನ್ನು ತಿರುಗಿಸಿದರು. "ಹಿಂದೇನೂ ಏನೋ ಬರ್ದಿದಾರಲ್ಲ ಸಾರ್?"

"ಅದು ಊಟ-ತಿಂಡಿದು ಇರಬೇಕು. ನಿಮಗದು ಬ್ಯಾಡ" ಎಂದು ನಾನೇ ಅದನ್ನು ಮುಂದಿನ ಬದಿಗೆ ಮಗುಚಿ ಇಟ್ಟೆ. ಆಮೇಲೆ ದನಿ ತಗ್ಗಿಸಿ, ಚಿತ್ರದಲ್ಲಿ ಇಲ್ಲದ್ದೊಂದನ್ನು ಹೇಳಿದೆ. "ಮ್ಯಾಲೆ ನಾಲ್ಕು ಮೂಲಿಗೆ ನಾಲ್ಕು ಕೊಕ್ಕೆ ಹಾಕ್ರಿ. ಗೋಣಿತಟ್ಟು ತೂಗ್ಹಾಕಾಕ."

ಇಲ್ಲಿ ನನ್ನ ಅವ್ವನ ವಿಷಯ ಹೇಳಬೇಕು. ವಿಜಯಪುರದ ಬೇಸಿಗೆಯಲ್ಲಿ ಮಧ್ಯಾಹ್ನ ಬೀದಿಗೆ ನಾಯಿಯೂ ಬರುವುದಿಲ್ಲ. ಅವ್ವ ಹನ್ನೊಂದು ಗಂಟೆಗೆಲ್ಲ ಕಿಟಕಿ ಬಾಗಿಲಿಗೆ ಗೋಣಿತಟ್ಟು ಕಟ್ಟಿ ಕೊಡದಿಂದ ನೀರು ಚಿಮುಕಿಸುತ್ತಿದ್ದಳು. ಬಿಸಿಗಾಳಿ ಆ ಒದ್ದೆ ತಟ್ಟಿನೊಳಗಿಂದ ಹಾದು ತಣ್ಣಗಾಗಿ ಬರುತ್ತಿತ್ತು, ಮಣ್ಣಿನ ವಾಸನೆಯ ಜೊತೆ. ನಾವು ಮಕ್ಕಳು ಅದರ ಕೆಳಗೆ ಮಲಗುತ್ತಿದ್ದೆವು. ಕೋಳಿಬುಟ್ಟಿಗೂ ಅದೇ, ಎಮ್ಮೆಯ ಕರುವಿನ ಮೇಲೂ ಅದೇ. ಯಾವುದೂ ಸಾಯಲಿಲ್ಲ. ಬಿಸಿಲಿಗೆ ಮದ್ದು ಏನೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂಬ ಗರ್ವ ನನಗಿತ್ತು. ನೀರು ಆರಿದರೆ ತಂಪಾಗುತ್ತದೆ ಎಂದು ಹುಡುಗರಿಗೆ ಪಾಠ ಮಾಡುವವನೂ ನಾನೇ. ಆರಬೇಕಾದರೆ ಗಾಳಿ ಒಣಗಿರಬೇಕು ಎಂಬುದೂ ಅದೇ ಪಾಠದ ಮುಂದಿನ ಸಾಲು.

ಪಂಜರ ಬಂದ ದಿನ ಮಗಳು ಅದರ ಸುತ್ತ ಎರಡು ಸಲ ಸುತ್ತಿದಳು. ಬೆರಳಿಟ್ಟು ಕಂಬಿ ಅಳೆದಳು, ಹಲಗೆಯ ಅಂಚು ಸವರಿ ನೋಡಿದಳು. ಆಮೇಲೆ ಕೊಕ್ಕೆ ಕಂಡಳು. "ಇದ್ಯಾಕಪ್ಪಾ?"

ನಿಜ ಹೇಳಿದ್ದರೆ ಅವಳು ಬೇಡ ಎನ್ನುತ್ತಿದ್ದಳು. ಚಿಂಚಿಲ್ಲಾಗಳ ತುಪ್ಪಳ ಒದ್ದೆಯಾಗಬಾರದು ಎಂದು ಆಗಲೇ ಹತ್ತು ಸಲ ಹೇಳಿದ್ದಳು. ಹೇಳುವಾಗ ನಾನು ಹೂಂಗುಟ್ಟಿದ್ದೆ. "ಒಣಹುಲ್ಲು ಕಟ್ಟಾಕವ್ವಾ. ನೆಲದ ಮ್ಯಾಲೆ ಹಾಕಿದ್ರ ಹೊಲಸಾಗ್ತದಲ್ಲ" ಎಂದೆ.

"ಅಯ್ಯೋ, ಅದನ್ನೂ ಯೋಚ್ನೆ ಮಾಡಿದ್ಯಾ!" ಎಂದು ನನ್ನ ತೋಳಿಗೆ ತಲೆ ಒರಗಿಸಿದಳು. ಆ ಸುಳ್ಳಿನಿಂದ ನನಗೆ ಎಷ್ಟು ಸಂತೋಷವಾಯಿತೆಂದರೆ, ಅದು ಸುಳ್ಳೆಂದೇ ಅನಿಸಲಿಲ್ಲ.

ಮಾರ್ಚ್ ಕಳೆಯಿತು. ಅವಳ ಕೋಣೆ ಮನೆಯಲ್ಲೇ ತಣ್ಣಗಿರುವುದು. ಪಂಜರವನ್ನು ಅಲ್ಲೇ ಇಟ್ಟಿದ್ದಳು. ಎರಡು ಕಡಪ ಕಲ್ಲಿನ ತುಂಡುಗಳನ್ನು ಸರದಿಯಂತೆ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಒರೆಸಿ ಒಣಗಿಸಿ ಒಳಗಿಡುತ್ತಿದ್ದಳು. ಅವು ಕಲ್ಲಿನ ಮೇಲೆ ಹೊಟ್ಟೆ ಹಚ್ಚಿ ಮಲಗುತ್ತಿದ್ದವು. ಜಕ್ಕೂರಿನ ಕಡೆಯಿಂದ ತರಬೇತಿಯ ಸಣ್ಣ ವಿಮಾನ ಹಾರಿ ಬಂದಾಗ ಎರಡೂ ಒಟ್ಟಿಗೆ ಕಿವಿ ನಿಮಿರಿಸಿ ಚಾವಣಿ ನೋಡುತ್ತಿದ್ದವು, ಸದ್ದು ಹೋದ ಮೇಲೂ ಬಹಳ ಹೊತ್ತು ನೋಡುತ್ತಿದ್ದವು. ಏಪ್ರಿಲ್ ನಡುವಿಗೆ ಸೆಖೆ ಗೋಡೆಯೊಳಗೆ ಇಳಿಯಿತು. ಸಂಜೆಯ ಹೊತ್ತಿನಲ್ಲೂ ಗೋಡೆ ಮುಟ್ಟಿದರೆ ಬೆಚ್ಚಗೆ.

ಆಗಲೇ ಅವಳ ಖೋ-ಖೋ ಶಿಬಿರ ಬಂದದ್ದು, ತುಮಕೂರಿನಲ್ಲಿ ಐದು ದಿನ. ಹೋಗುವುದಿಲ್ಲ ಎಂದಳು. ನಾನು ಗದರಿದೆ. "ಬಿಸಿಲು ಏನಂತ ನನಗ ಗೊತ್ತದ. ನಾ ನೋಡ್ಕೋತೀನಿ, ಹೋಗು." ಅವಳು ಆ ಹಾಳೆಯನ್ನು ಹುಡುಕಿ ಫ್ರಿಜ್ಜಿಗೆ ಅಂಟಿಸಿ, "ಹಿಂದೆ ಇರೋದನ್ನೂ ಓದ್ಕೋಪ್ಪಾ, ಮರೀಬೇಡ" ಎಂದು ಹೇಳಿ ಹೋದಳು. ನಾನು ಬಸ್ಸಿನವರೆಗೂ ಅವಳ ಚೀಲ ಹೊತ್ತು ಹೋಗಿ ಬಿಟ್ಟು ಬಂದೆ.

ಬಂದವನೇ ಕಿರಾಣಿ ಅಂಗಡಿಯಿಂದ ಎರಡು ಗೋಣಿತಟ್ಟು ತಂದು ತೊಳೆದೆ. ಕೊಕ್ಕೆಗೆ ಸಿಕ್ಕಿಸಿ ಮೂರು ಕಡೆಯೂ ಇಳಿಬಿಟ್ಟು ನೀರು ಚಿಮುಕಿಸಿದೆ. ಕಚೇರಿಯಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತು ಮೂಗರಳಿಸಿದಳು. "ಎಷ್ಟ್ ವರ್ಷಾತ್ರಿ ಈ ವಾಸನಿ ಬಂದು! ಛಲೋ ಮಾಡೀರಿ." ನಾವಿಬ್ಬರೂ ಪಂಜರದ ಮುಂದೆ ಕುರ್ಚಿ ಹಾಕಿಕೊಂಡು ಚಹಾ ಕುಡಿದೆವು. ಇಬ್ಬರಿಗೂ ಊರಲ್ಲಿ ಕೂತ ಹಾಗಾಯಿತು.

ಎರಡನೇ ದಿನ ಸಂಜೆ ಅಶ್ವಿನಿ ಮಳೆ ಅರ್ಧ ಗಂಟೆ ಸುರಿದು ನಿಂತಿತು. ಮೂರನೇ ದಿನ ಬೆಳಗಿನಿಂದಲೇ ಬೆವರು ಆರಲಿಲ್ಲ. ಒಣಹಾಕಿದ ಬಟ್ಟೆ ಮಧ್ಯಾಹ್ನಕ್ಕೂ ಹಸಿಯಾಗಿತ್ತು, ನಾನು ಅದನ್ನು ಕೈಯಿಂದ ಮುಟ್ಟಿ ನೋಡಿ ಹಾಗೇ ಬಿಟ್ಟೆ. ಪಾಲಿಟೆಕ್ನಿಕ್ಕಿಗೆ ರಜೆ. ಪಂಜರದ ತಟ್ಟನ್ನು ಸ್ವಲ್ಪ ಸರಿಸಿ ನೋಡಿದರೆ ಎರಡೂ ಹಲಗೆಗೆ ಅಂಟಿ ಕೂತಿವೆ. ಕಿವಿಗಳು ಕೆಂಪಾಗಿದ್ದವು. ಗುಲಾಬಿ ಅಲ್ಲ, ಕೆಂಪು. ಚಳಿಯಲ್ಲಿ ಸಣ್ಣ ಮಕ್ಕಳ ಕಿವಿ ಕೆಂಪಾಗುವುದನ್ನು ನಾನು ನೋಡಿದ್ದೆ. ಸರಿ, ತಂಪು ತಟ್ಟಿದೆ, ನನ್ನ ಉಪಾಯ ಫಲಿಸಿದೆ ಎಂದುಕೊಂಡೆ. ಇನ್ನೊಂದು ಚೊಂಬು ನೀರು ಸುರಿದು, ತಟ್ಟನ್ನು ಮೊದಲಿಗಿಂತ ಬಿಗಿಯಾಗಿ ಮುಚ್ಚಿ, ಊಟ ಮಾಡಿ ಮಲಗಿದೆ.

ನಾಲ್ಕೂವರೆಗೆ ಎದ್ದೆ. ಮನೆ ತೀರಾ ಸುಮ್ಮನಿತ್ತು. ಆ ಹೊತ್ತಿಗೆ ಅವು ಎದ್ದು ಹಲಗೆ ಕೆರೆಯುವ ಸದ್ದು ಬರಬೇಕು. ತಟ್ಟು ಎತ್ತಿದೆ, ಒಳಗಿಂದ ಬಚ್ಚಲುಮನೆಯ ಹಾಗೆ ಹಬೆ ಮುಖಕ್ಕೆ ಬಡಿಯಿತು. ಕಾಲಿಗೆ ಹುಣ್ಣಾಗಿದ್ದದ್ದು, ಮಗಳು ತಿಂಗಳುಗಟ್ಟಲೆ ಹತ್ತಿ ಒತ್ತಿ ವಾಸಿ ಮಾಡಿದ್ದದ್ದು, ಪಕ್ಕಕ್ಕೆ ಒರಗಿ ಬಿದ್ದಿತ್ತು. ತುಪ್ಪಳ ತೇವಗೊಂಡು ಜಡೆಗಟ್ಟಿತ್ತು. ಇನ್ನೊಂದು ಬಾಯಿ ತೆರೆದು ಉಸಿರೆಳೆಯುತ್ತಿತ್ತು.

ಓಡಿ ಹೋಗಿ ಫ್ರಿಜ್ಜಿನ ಮೇಲಿನ ಹಾಳೆ ಕಿತ್ತು ತಿರುಗಿಸಿದೆ. ದುಂಡಗಿನ ಅಕ್ಷರ, ಕೆಳಗೆ ಎರಡೆರಡು ಗೆರೆ. "ಕಿವಿ ಕೆಂಪಾದರೆ ಸೆಖೆ ತಡೆಯಲು ಆಗುತ್ತಿಲ್ಲ ಎಂದರ್ಥ. ತಕ್ಷಣ ತಣ್ಣನೆ ಒಣ ನೆಲಕ್ಕೆ ಬಿಡಬೇಕು. ಕಾಯಬಾರದು. ಒದ್ದೆ ಬಟ್ಟೆ ಯಾವತ್ತೂ ಬೇಡ ಅಪ್ಪಾ."

ಕೊನೆಯಲ್ಲಿ ಆ 'ಅಪ್ಪಾ'. ಅವಳು ಅದನ್ನು ಬರೆದದ್ದು ನನಗೇ. ನನ್ನನ್ನು ಅವಳು ಅಷ್ಟು ಚೆನ್ನಾಗಿ ಬಲ್ಲಳು ಎಂದು ಆಗ ತಿಳಿಯಿತು.

ಉಳಿದದ್ದನ್ನು ದೇವರ ಕೋಣೆಯ ಕಡಪ ಕಲ್ಲಿನ ಮೇಲೆ ಬಿಟ್ಟು, ಒಣ ಬಟ್ಟೆಯಿಂದ ಒತ್ತಿ ಒರೆಸುತ್ತಾ ಕೂತೆ. ಕತ್ತಲಾಗುವ ಹೊತ್ತಿಗೆ ಅದು ಬಾಯಿ ಮುಚ್ಚಿ ಉಸಿರಾಡತೊಡಗಿತು, ಕಿವಿಯ ಕೆಂಪು ಇಳಿಯಿತು. ಸತ್ತದ್ದನ್ನು ಕೆಳಗಿನ ಮನೆಯವರನ್ನು ಕೇಳಿ ದಾಸವಾಳದ ಬುಡದಲ್ಲಿ ಹೂತೆವು. ಹೆಂಡತಿ ಗೋಣಿತಟ್ಟನ್ನು ಮಡಚಿ ಕಸದ ಗಾಡಿಗೆ ಹಾಕಿಬಂದಳು. "ಹೇಳಬ್ಯಾಡ್ರಿ. ಹುಡುಗಿ ತಡಕೊಳ್ಳಾಂಗಿಲ್ಲ" ಎಂದಳು. ತಡೆದುಕೊಳ್ಳಲಾಗದವನು ನಾನು ಎಂದು ಅವಳಿಗೂ ಗೊತ್ತಿತ್ತು.

ಮಗಳು ಬಂದಾಗ ನಾನು, ಎರಡು ದಿನ ಕರೆಂಟ್ ಇರಲಿಲ್ಲ, ಕಲ್ಲು ತಣ್ಣಗಾಗಲಿಲ್ಲ ಎಂದೆ. ಅವಳು ದಾಸವಾಳದ ಬುಡದಲ್ಲಿ ಬಹಳ ಹೊತ್ತು ಕೂತಿದ್ದು ಮೇಲೆ ಬಂದಳು. ಅತ್ತು ಮುಖ ಊದಿತ್ತು. "ಒಂದನ್ನಾದ್ರೂ ಉಳಿಸ್ದಲ್ಲಪ್ಪಾ. ನೀನಿಲ್ದಿದ್ರೆ ಎರಡೂ ಹೋಗ್ತಿದ್ವು" ಎಂದು ನನ್ನ ಕೈ ಹಿಡಿದುಕೊಂಡಳು.

ಅಂದಿನಿಂದ ಅವಳು ದಿನವೂ ಒಣಹುಲ್ಲನ್ನು ಪುಟ್ಟ ಕಟ್ಟುಗಳಾಗಿ ಮಾಡಿ ಆ ಕೊಕ್ಕೆಗಳಿಗೆ ತೂಗುಹಾಕುತ್ತಿದ್ದಳು. ಮನೆಗೆ ಬಂದ ಗೆಳತಿಯರಿಗೆ ತೋರಿಸುತ್ತಿದ್ದಳು, ನಮ್ಮಪ್ಪನ ಐಡಿಯಾ ಎಂದು. ಒಂದು ವರ್ಷ ನಾನು ಆ ಮಾತು ಕೇಳಿದೆ. ಅದನ್ನು ಕೇಳುವುದಕ್ಕಿಂತ ಎರಡು ಏಟು ತಿನ್ನುವುದು ಸುಲಭ.

ಮತ್ತೆ ಏಪ್ರಿಲ್ ಬಂತು, ಮತ್ತೆ ಶಿಬಿರ ಬಂತು. ಈ ಸಲ ಅವಳು ತಂಡದ ನಾಯಕಿ. ಕೋಣೆಯಲ್ಲಿ ಚೀಲಕ್ಕೆ ಬಟ್ಟೆ ತುಂಬುತ್ತಾ ಕೂತಿದ್ದಳು. ಒಂಟಿಯಾಗಿ ಉಳಿದದ್ದು ಮೇಲಂತಸ್ತಿನಿಂದ ನೋಡುತ್ತಿತ್ತು. ಹಿಂದಿನ ಸಂಜೆ ಮಳೆ ಬಂದು ನಿಂತಿತ್ತು. ಕಿಟಕಿಯಿಂದ ಅದೇ ಹಬೆಗಾಳಿ.

"ಈ ಸಲ ಲಿಸ್ಟ್ ಏನೂ ಬರೆಯಲ್ಲಪ್ಪಾ. ನಿಂಗೇ ಎಲ್ಲ ಗೊತ್ತಲ್ಲ" ಎಂದಳು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆ ಕೊಕ್ಕೆ ಹುಲ್ಲಿಗಲ್ಲ ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ, ತಟ್ಟು, ನೀರು, ಹಬೆ, ಕರೆಂಟ್ ಹೋಗಿರಲಿಲ್ಲ ಎಂಬುದು. ಅವಳು ಮಡಚುತ್ತಿದ್ದ ಅಂಗಿಯನ್ನು ತೊಡೆಯ ಮೇಲೇ ಇಟ್ಟುಕೊಂಡು ಕೇಳಿದಳು.

"ಕಿವಿ ಕೆಂಪಾಗಿತ್ತಾ?" ಎಂದಳು.

"ಆಗಿತ್ತು."

"ನೀನ್ ನೋಡಿದ್ಯಾ?"

"ನೋಡಿದ್ನವ್ವಾ."

ಅವಳು ಪಂಜರದ ಕಡೆ ನೋಡಿದಳು. ಆಮೇಲೆ ಚೀಲದಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಬೀರುವಿನಲ್ಲಿ ವಾಪಸು ಇಡತೊಡಗಿದಳು.