ಐತಿಹಾಸಿಕವಾಗಿ ನೀರಿರುವ ಬೀದಿ

ಈಚೆಗೆ ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದಾಗ ಜೊಂಡು ಕೊಳೆತ ವಾಸನೆ ಒಳಗೆ ಬಂದಿತು. ತಾವು ದಯಮಾಡಿ ಮೂಗು ಮುಚ್ಚಿಕೊಳ್ಳಬಾರದು. ಕೆರೆಯಲ್ಲಿ ನೀರು ನಿಂತರೆ ಮಾತ್ರ ಜೊಂಡು ಬೆಳೆಯುತ್ತದೆ, ಬೆಳೆದರೆ ಮಾತ್ರ ಕೊಳೆಯುತ್ತದೆ. ಆದ್ದರಿಂದ ತುಮಕೂರಿನ ನಮ್ಮ ತೂಬಿನ ಬೀದಿಯವರ ಪಾಲಿಗೆ ಅದು ದುರ್ವಾಸನೆಯಲ್ಲ, ನಗರದ ಪ್ರಗತಿಯ ಲಕ್ಷಣ.

"ಕಿಟಕಿ ಮುಚ್ರೀ, ಅನ್ನಕ್ಕೆಲ್ಲ ಕೆರೆ ವಾಸ್ನೆ ಹೊಡೀತದೆ," ಎಂದಳು ನನ್ನ ಹೆಂಡತಿ ಸುಶೀಲ. ಅವಳು ಕುಣಿಗಲ್ಲಿನವಳು. ನಿಜವಾದ ಕೆರೆಯೊಂದನ್ನು ನೋಡುತ್ತಾ ಬೆಳೆದವಳಾದುದರಿಂದ ನಮ್ಮ ಕೆರೆಯ ವಿಷಯದಲ್ಲಿ ಅವಳಿಗೆ ಅಷ್ಟಾಗಿ ಭಕ್ತಿಯಿಲ್ಲ.

ಕಿಟಕಿಯನ್ನೇನೋ ಮುಚ್ಚಿದೆ. ಆದರೆ ತೊಂಬತ್ತರ ದಶಕದ ಒಂದು ಭಾನುವಾರ ಈ ವಾಸನೆಯ ಒಂದು ಎಳೆ ಸಿಕ್ಕಿದ್ದರೂ ನಾನು ಎಷ್ಟು ಬೆವರುವುದು ತಪ್ಪುತ್ತಿತ್ತು ಎಂದು ಯೋಚಿಸುತ್ತಾ ನಿಂತುಬಿಟ್ಟೆ.

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. ಗುಬ್ಬಿಯ ಸಮೀಪದ ಹಳ್ಳಿಯಿಂದ ಹೊರಟು, ಇತಿಹಾಸದಲ್ಲಿ ಬಿ.ಎ. ಮುಗಿಸಿ, ತುಮಕೂರಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾದೆ. ಪದವಿಯಿಂದ ಸಂಬಳಕ್ಕೆ ಹೇಳಿಕೊಳ್ಳುವಂತಹ ಲಾಭವಾಗಲಿಲ್ಲವಾದರೂ ನಾಲಗೆಗೆ ಆಯಿತು. ಒಂದು ಶಬ್ದ ತಪ್ಪಿದರೂ ನಮ್ಮಪ್ಪ ಹೆಬ್ಬೆಟ್ಟೊತ್ತುವವರು ಎಂಬುದು ಎದುರಿನವರಿಗೆ ತಿಳಿದುಬಿಡುತ್ತದೆ ಎಂಬ ಭಯದಿಂದ, ಸಂತೆಯಲ್ಲಿ ಸೊಪ್ಪು ಕೊಳ್ಳುವಾಗಲೂ ನಾನು "ಇದರ ದರವೇನು?" ಎಂದು ವಿಚಾರಿಸುತ್ತಿದ್ದೆ. "ನೀನ್ ಬಾಯ್ ಬುಟ್ರೆ ರೇಡಿಯೋ ಹಾಕ್ದಂಗಾಯ್ತದೆ ಕಣ್ಲಾ, ಆರ್ಸೋದ್ ಎಲ್ಲಿ ಅಂತ ಗೊತ್ತಾಗಕಿಲ್ಲ," ಎಂದು ನಮ್ಮಮ್ಮ ಹೇಳುತ್ತಿದ್ದುದನ್ನು ಆಗ ನಾನು ಪ್ರಶಂಸೆಯೆಂದೇ ಭಾವಿಸಿದ್ದೆ.

ಅಂತಹ ನಾನು ವಾಸಕ್ಕಿದ್ದುದು ಕೆರೆ ಏರಿಯ ಕೆಳಗಿನ ತೂಬಿನ ಬೀದಿಯಲ್ಲಿ, ಹಾಸಿಗೆ ಹೊಲಿಯುವ ಬಾಷಾ ಸಾಹೇಬರ ಮನೆಯ ಹಿಂಭಾಗದಲ್ಲಿ. ಹಳ್ಳಿಯಿಂದ ಬಂದವನಿಗೆ ತುಮಕೂರೇ ಮಹಾನಗರ. ಮಹಾನಗರವೆಂದ ಮೇಲೆ ಅದಕ್ಕೊಂದು ಐತಿಹಾಸಿಕ ಜಲತೀರವೂ ಇರಲೇಬೇಕಲ್ಲ. ಹೀಗಾಗಿ ಹೆಣ್ಣು ನೋಡಲು ಕುಣಿಗಲ್ಲಿಗೆ ಹೋದಾಗ, ಎಲ್ಲಿ ವಾಸ ಎಂದು ಹುಡುಗಿಯ ತಂದೆ ಕೆಂಪಣ್ಣನವರು ಕೇಳಿದ್ದಕ್ಕೆ ನಾನು, "ನಗರದ ಐತಿಹಾಸಿಕ ಕೆರೆದಂಡೆಯ ಪ್ರದೇಶದಲ್ಲಿ," ಎಂದೆ.

ಕೆಂಪಣ್ಣನವರು ಕುಣಿಗಲ್ ದೊಡ್ಡಕೆರೆಯ ಅಚ್ಚುಕಟ್ಟಿನಲ್ಲಿ ಗದ್ದೆ ಮಾಡುವವರು. ನನ್ನ ವಾಕ್ಯದಲ್ಲಿ ಅವರ ಕಿವಿಗೆ ಬಿದ್ದದ್ದು ಒಂದೇ ಪದ.

"ಕೆರೆ ಐತಾ? ನೀರ್ ಹೆಂಗೆ?"

ಕೆರೆ ಬತ್ತಿ ಬಹಳ ಕಾಲವಾಗಿತ್ತು. ಸುಳ್ಳಾಡಲು ಮನಸ್ಸು ಒಪ್ಪಲಿಲ್ಲ, ನಿಜ ಹೇಳಲು ಧೈರ್ಯ ಸಾಲಲಿಲ್ಲ. "ಐತಿಹಾಸಿಕವಾಗಿ ಹೇರಳವಾಗಿದೆ," ಎಂದೆ.

ಅಡುಗೆಮನೆಯ ಬಾಗಿಲ ಹಿಂದಿನಿಂದ ಕಿಸಕ್ಕೆಂದು ಒಂದು ನಗು ಕೇಳಿಸಿತು. ಯಾರೋ ಗದರಿಸಿ ಸುಮ್ಮನಾಗಿಸಿದರು. ಅಲ್ಲಿಯವರೆಗೆ ನನ್ನ ಮಾತಿಗೆ ಜನ ತಲೆದೂಗಿದ್ದರು, ಆಕಳಿಸಿದ್ದರು, ಎದ್ದೂ ಹೋಗಿದ್ದರು. ಯಾರೂ ಹಾಗೆ ನಕ್ಕಿರಲಿಲ್ಲ. ಮದುವೆಯಾದರೆ ಆ ನಗುವನ್ನೇ ಎಂದು ಬಸ್ಸಿನಲ್ಲಿ ಹಿಂದಿರುಗುವಾಗ ನಿಶ್ಚಯಿಸಿದೆ.

ಆದರೆ ನಡುವೆ ಮನೆ ನೋಡುವ ಶಾಸ್ತ್ರವೊಂದಿದೆ. ಗಂಡಿನ ಮನೆಯಲ್ಲಿ ಮಗಳು ಹೇಗೆ ಬಾಳಿಯಾಳು ಎಂದು ಹೆಣ್ಣಿನ ಕಡೆಯವರು ಬಂದು ನೋಡಿ, ಉಪ್ಪಿಟ್ಟು ತಿಂದು, ಊರಿಗೆ ಹೋಗಿ 'ಇಲ್ಲ' ಎಂದು ಹೇಳಿ ಕಳುಹಿಸುವ ಶಾಸ್ತ್ರವದು. ನನ್ನ ಹಿಂದಿನ ಸಂಬಂಧಗಳೆಲ್ಲ ಅಲ್ಲಿಯೇ ಮುರಿದಿದ್ದವು.

ಆ ಭಾನುವಾರ ಕೆಂಪಣ್ಣನವರು ತಮ್ಮ ತಂಗಿ ನಂಜಮ್ಮನವರೊಂದಿಗೆ ಬರುವವರಿದ್ದರು. ಸ್ವಚ್ಛತೆಯ ಕುರಿತು ಮಕ್ಕಳಿಗೆ ಪ್ರಬಂಧ ಬರೆಸುವವನಾದ ನಾನು ನಸುಕಿನಲ್ಲೇ ಎದ್ದು ನೆಲ, ಗೋಡೆ, ಜಗಲಿ, ಕೊನೆಗೆ ನನ್ನನ್ನೂ ಚೆನ್ನಾಗಿ ತೊಳೆದೆ. ಬಾಷಾ ಸಾಹೇಬರ ಹೆಂಡತಿ ಬೀಬಮ್ಮ ಬಂದು ಹಿತ್ತಲಿನ ಕಲ್ಲುತೊಟ್ಟಿಯೊಳಗೆ ಇಣುಕಿದರು.

"ಯಾ ಅಲ್ಲಾ! ಎಲ್ಲಾ ನೀರು ನೆಲಕ್ಕೆ ಹುಯ್ದ್ರಾ ಮೇಷ್ಟ್ರೇ? ನಲ್ಲಿ ಬಂದು ಎಷ್ಟ್ ದಿನ ಆಯ್ತು ಗೊತ್ತೈತಾ? ಕುಣಿಗಲ್ನೋರು ಬಂದು ಈ ತೊಟ್ಟಿ ನೋಡಿದ್ರೆ ಹೆಣ್ ಕೊಡ್ತಾರಾ?"

ನಾನು ಏನಾದರೂ ಸಮಂಜಸವಾದ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಅವರೇ ತಡೆದರು. "ಮಾತಾಡ್ಬೇಡಿ. ಬಸ್ಟ್ಯಾಂಡಿಂದ ಸೀದಾ ಇಲ್ಲಿಗ್ ಕರ್ಕೊಂಡ್ ಬರ್ಬೇಡಿ. ಏರಿ ಮೇಲೆ ಸುತ್ತಾಡ್ಸಿ, ನಿಮ್ ಹಿಸ್ಟ್ರಿ ಹೇಳ್ತಾ ಇರಿ. ಬೇಗ ಮುಗಿಸ್ಬೇಡಿ."

ಇತಿಹಾಸವನ್ನು ಬೇಗ ಮುಗಿಸಬೇಡಿ ಎಂದು ನನ್ನನ್ನು ಕೇಳಿಕೊಂಡವರು ಈವರೆಗೆ ಬೀಬಮ್ಮ ಒಬ್ಬರೇ.

ಅತಿಥಿಗಳನ್ನು ಮೊದಲು ಕೆರೆಯ ಸೋಪಾನಗಳ ಬಳಿಗೆ ಕರೆದೊಯ್ದೆ. ಕಲ್ಲಿನ ಮೆಟ್ಟಿಲುಗಳು ಗಾಂಭೀರ್ಯದಿಂದ ಇಳಿದಿಳಿದು ಒಂದು ಕ್ರಿಕೆಟ್ ಮೈದಾನವನ್ನು ತಲುಪುತ್ತಿದ್ದವು. "ಪ್ರಾಚೀನ ಕಾಲದಲ್ಲಿ ಅಲೆಗಳು ಈ ಸೋಪಾನಗಳನ್ನು ಚುಂಬಿಸುತ್ತಿದ್ದವು," ಎಂದು ನಾನು ಆರಂಭಿಸುತ್ತಿದ್ದಂತೆಯೇ ಕೆಳಗಿನಿಂದ ಚೆಂಡೊಂದು ಹಾರಿಬಂದು ಕೆಂಪಣ್ಣನವರ ಪಾದವನ್ನು ಚುಂಬಿಸಿತು.

"ಅಂಕಲ್, ಬಾಲ್!"

ಕೆಂಪಣ್ಣನವರು ಚೆಂಡನ್ನೆಸೆದು, "ಕೆರೆ ಎಲ್ಲಪ್ಪ?" ಎಂದರು.

"ತಾವು ನೋಡುತ್ತಿರುವುದೇ ಕೆರೆ. ಪ್ರಸ್ತುತ ಜಲರಹಿತವಾಗಿದೆ."

ಅಷ್ಟರಲ್ಲಿ ನಂಜಮ್ಮನವರು ಕಾಲು ನೋವೆಂದು ಒಂದು ಚಪ್ಪಡಿಯ ಮೇಲೆ ಕುಳಿತಿದ್ದರು. ಅದು ವೀರಗಲ್ಲು; ಯುದ್ಧದಲ್ಲಿ ಮಡಿದ ಯೋಧನೊಬ್ಬನ ಸ್ಮಾರಕ ಎಂದು ವಿನಯದಿಂದ ಸೂಚಿಸಿದೆ. "ಪಾಪ," ಎಂದು ಕೈಮುಗಿದು ಅವರು ಇನ್ನಷ್ಟು ಅನುಕೂಲವಾಗಿ ಒರಗಿಕೊಂಡರು. "ತಣ್ಣಗದೆ. ನೀವ್ ಹೇಳಿ."

ಬಾಷಾ ಸಾಹೇಬರು ನನ್ನ ನೆರವಿಗೆಂದು ಬಂದು ಸೇರಿಕೊಂಡರು. ಹತ್ತಿ ಹಿಂಜಿ ಹಿಂಜಿ ಅಭ್ಯಾಸವಾಗಿದ್ದರಿಂದ ಒಂದು ಹಿಡಿ ಸಂಗತಿಯನ್ನು ಒಂದು ಹಾಸಿಗೆಯಷ್ಟು ಉಬ್ಬಿಸುವುದು ಅವರಿಗೆ ಕಷ್ಟವಾಗುತ್ತಿರಲಿಲ್ಲ.

"ಮೇಷ್ಟ್ರು ಕಮ್ಮಿ ಹೇಳ್ತಾವ್ರೆ ಯಜಮಾನ್ರೇ. ನವಾಬ್ರು ದೋಣೀಲಿ ಬಂದು ಇಲ್ಲೇ ಇಳೀತಿದ್ದಿದ್ದು. ಅವ್ರ ಕುದುರೆಗಳು ಈ ತೂಬಲ್ಲೇ ನೀರ್ ಕುಡೀತಿದ್ವು."

"ಕುದುರೆ ನಮ್ಮೂರ್ ಫಾರಮ್ಮಲ್ಲಿ ಬೇಕಾದಷ್ಟವೆ ಸಾಬ್ರೇ," ಎಂದರು ಕೆಂಪಣ್ಣನವರು. "ನೀರ್ ತೋರ್ಸಿ."

ನಾನು ತೂಬನ್ನು ತೋರಿಸಿದೆ. ಅದರ ಬಾಯಿಗೆ ಯಾರೋ ಗೂಡಂಗಡಿ ಇಟ್ಟಿದ್ದರು. ಪಕ್ಕದ ಸಾರ್ವಜನಿಕ ನಲ್ಲಿಯ ಮುಂದೆ ಖಾಲಿ ಕೊಡಗಳು ಸಾಲಾಗಿ ಕುಳಿತಿದ್ದವು. ಕೆಂಪಣ್ಣನವರು ನಲ್ಲಿಯನ್ನು ತಿರುಗಿಸಿದರು. ಅದು ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು. ಅವರು ತಂಗಿಯ ಮುಖ ನೋಡಿದರು. ಆ ನೋಟದ ಅರ್ಥ ನನಗೆ ಹಿಂದಿನ ಸಂಬಂಧಗಳಿಂದ ಚೆನ್ನಾಗಿ ಪರಿಚಿತವಾಗಿತ್ತು. ಆದರೂ ಮಾತು ನಿಲ್ಲಿಸಲಿಲ್ಲ. ಪಾಳೆಯಗಾರರನ್ನು ಮುಗಿಸಿ ಕೆರೆಗಳ ವಾಸ್ತುಶಿಲ್ಪಕ್ಕೆ ಬಂದೆ, ಅಲ್ಲಿಂದ ಶಾಸನಗಳ ಲಿಪಿಗೆ ದಾಟಿದೆ. ವೀರಗಲ್ಲಿನ ಮೇಲೆ ನಂಜಮ್ಮನವರ ಕಣ್ಣು ಮುಚ್ಚಿತ್ತು.

"ಮನೆ ತೋರ್ಸಪ್ಪ," ಎಂದರು ಕೆಂಪಣ್ಣನವರು. "ಬಸ್ಸಿಗ್ ಹೊತ್ತಾಯ್ತದೆ."

ಬೇರೆ ದಾರಿಯಿರಲಿಲ್ಲ. ನಂಜಮ್ಮನವರನ್ನು ಎಬ್ಬಿಸಿಕೊಂಡು ಮನೆಗೆ ಹೋದೆವು. ಕೆಂಪಣ್ಣನವರು ಸೀದಾ ಹಿತ್ತಲಿಗೆ ನಡೆದರು. ನಾನು ಹಿಂದೆಯೇ ಹೋಗಿ ನೋಡುತ್ತೇನೆ, ತೊಟ್ಟಿ ತುಂಬಿ ತುಳುಕುತ್ತಿದೆ! ಬೀಬಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, ಏನೂ ಅರಿಯದವರಂತೆ ಬೆಳ್ಳುಳ್ಳಿ ಬಿಡಿಸುತ್ತಿದ್ದರು.

ಕೆಂಪಣ್ಣನವರು ಅಂಗಿಯ ತೋಳು ಮಡಚಿ ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿದರು. ಅನಂತರ ಹೊರಗೆ ಹೋಗಿ, ಬಾಗಿಲಲ್ಲಿ ನಿಂತು, ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ನನ್ನ ಉಪನ್ಯಾಸದ ಬೆಳಕಿನಲ್ಲಿ ಈಗ ಬೀದಿಯ ಪ್ರಾಚೀನತೆಯನ್ನು ಸವಿಯುತ್ತಿದ್ದಾರೆ ಎಂದುಕೊಂಡೆ.

"ನೀರೈತೆ ಬುಡು," ಎಂದರು. ಉಪ್ಪಿಟ್ಟು ತಿಂದು ಹೊರಟುಹೋದರು. ಮುಂದಿನ ವಾರ ಒಪ್ಪಿಗೆ ಬಂದಿತು.

ತೊಟ್ಟಿಯನ್ನು ತುಂಬಿಸಿದವರು ಬೀಬಮ್ಮನೆಂದು ನನಗೆ ತಿಳಿದಿತ್ತು, ವಂದನೆಯನ್ನೂ ಹೇಳಿದ್ದೆ. ಆದರೆ ಕುಣಿಗಲ್ಲಿನ ರೈತರೊಬ್ಬರನ್ನು ಗೆದ್ದದ್ದು ನನ್ನ ವಾಗ್ಮಿತೆಯೇ ಎಂಬ ನಂಬಿಕೆಯಲ್ಲಿ ಇಷ್ಟು ವರ್ಷ ಕಳೆದೆ. ಈಗ ಕೆರೆಗೆ ನೀರು ಬಂದು, ದಂಡೆಗೆ ಕಂಬಿಬೇಲಿ ಬಂದು, ನಮ್ಮ ಬೀದಿಯ ಪರಂಪರೆಯನ್ನು ನೋಡಲು ಪ್ರವಾಸಿಗರ ತಂಡವೊಂದು ಬರುವುದಿತ್ತು. ವಿವರಣೆ ನೀಡಬೇಕೆಂದು ನನ್ನನ್ನು ಕೋರಿದ್ದರು. ಜೊಂಡಿನ ವಾಸನೆ ಬಂದ ಆ ಬೆಳಿಗ್ಗೆಯೇ ಅವರು ಬರುವವರಿದ್ದರು.

"ಅದೇ ಭಾಷಣ ಮಾಡುತ್ತೇನೆ. ನಿಮ್ಮ ತಂದೆಯವರನ್ನು ಒಪ್ಪಿಸಿದ ಭಾಷಣ," ಎಂದೆ ಸುಶೀಲಳಿಗೆ.

ಒಲೆಯ ಮುಂದೆ ಕಿಸಕ್ಕೆಂಬ ಶಬ್ದವಾಯಿತು.

"ಅಪ್ಪಂಗೆ ನಿಮ್ ಭಾಷಣ ಕಿವಿಗೇ ಬಿದ್ದಿಲ್ಲ ಕಣ್ರೀ. ನಂಜತ್ತೆ ಮಾತ್ರ ಒಳ್ಳೆ ನಿದ್ದೆ ಬಂತು ಅಂದ್ರು. ಅವತ್ತೇ ಅಪ್ಪ ಬಂದು ಅಮ್ಮನ ಹತ್ರ ಹೇಳ್ತಿದ್ದಿದ್ದು ನಾನೇ ಕೇಳಿದೀನಿ. 'ಕೆರೇಲಿ ನೀರಿಲ್ಲ, ನಲ್ಲೀಲೂ ಇಲ್ಲ, ತೊಟ್ಟೀಲಿದ್ದಿದ್ದು ಅವನ್ದಲ್ಲ. ಬೀದಿಲಿರೋ ಒಂದೊಂದು ಹೊಸ್ಲಿಂದ್ಲೂ ಅವನ ಬಾಗ್ಲಿಗೆ ನೀರ್ ಚೆಲ್ಕೊಂಡ್ ಬಂದಿತ್ತು. ಕುಡಿಯಕ್ ಇಟ್ಕೊಂಡಿದ್ದಿದ್ದ ತಂದು ಹುಯ್ದವ್ರೆ. ಅಂಥ ಬೀದೀಲಿ ನಮ್ ಮಗು ಬಾಯಾರಕಿಲ್ಲ' ಅಂದ್ರು."

ಬೀಬಮ್ಮ ತಮ್ಮ ಮನೆಯ ನೀರನ್ನು ತಂದು ಹಾಕಿದ್ದರೆಂದೇ ನಾನು ತಿಳಿದಿದ್ದೆ.

"ಇಷ್ಟು ವರ್ಷ ನನಗೇಕೆ ತಿಳಿಸಲಿಲ್ಲ?"

"ನೀವೆಲ್ಲಿ ಕೇಳಿದ್ರಿ? ನೀವು ಹೇಳ್ತಾ ಇದ್ರಿ."

ತಂಡದವರು ಬಂದರು. ಟೋಪಿ, ಕ್ಯಾಮೆರಾ, ಕೈಯಲ್ಲಿ ಮುಚ್ಚಳ ಬಿಗಿದ ನೀರಿನ ಬಾಟಲಿ. ಸೋಪಾನಗಳ ಬಳಿ ನಿಂತು, "ಪ್ರಾಚೀನ ಕಾಲದಲ್ಲಿ ಅಲೆಗಳು," ಎಂದು ಶುರುಮಾಡಿದೆ. ಅಲೆಗಳು ಅಲ್ಲಿಯೇ ಇದ್ದವು, ಸದ್ದೂ ಮಾಡುತ್ತಿದ್ದವು. ಮುಂದಿನ ವಾಕ್ಯ ಬರಲಿಲ್ಲ. "ಬನ್ನಿ," ಎಂದು ಅವರನ್ನು ಕೆರೆಗೆ ಬೆನ್ನು ಮಾಡಿಸಿ ಬೀದಿಯೊಳಗೆ ಕರೆದುಕೊಂಡು ಹೋದೆ.

ಬೀಬಮ್ಮ ಜಗಲಿಯ ಮೇಲೆ ಕುಳಿತಿದ್ದರು. ಬಾಷಾ ಸಾಹೇಬರು ಈಗಿಲ್ಲ. ಕನ್ನಡಕ ಏರಿಸಿಕೊಂಡು ನಮ್ಮ ಮೆರವಣಿಗೆಯನ್ನು ನೋಡಿದರು.

"ಯಾರ್ ಕಡೆಯೋರು ಮೇಷ್ಟ್ರೇ? ಮನೆ ನೋಡಕ್ ಬಂದವ್ರಾ?"

"ಇಲ್ಲ ಬೀಬಮ್ಮ, ಹಿಸ್ಟ್ರಿ ನೋಡಕ್ ಬಂದವ್ರೆ."

"ಹಂಗಾದ್ರೆ ಬೇಗ ಮುಗಿಸ್ಬೇಡಿ," ಎಂದು ಅವರು ಮೊಣಕಾಲು ಹಿಡಿದುಕೊಂಡು ಎದ್ದರು. "ನೀರ್ ತತ್ತೀನಿ."

ಬೇಡವೆಂದು ತಿಳಿಸಲು ಎಲ್ಲರೂ ತಮ್ಮ ಬಾಟಲಿಗಳನ್ನು ಮೇಲೆತ್ತಿ ತೋರಿಸಿದರು. ಬೀಬಮ್ಮ ಆಗಲೇ ಒಳಗೆ ಹೋಗಿದ್ದರು.

"ಸಾರ್," ಎಂದ ಕ್ಯಾಮೆರಾ ಹಿಡಿದವನೊಬ್ಬ, ಬರಿಯ ಹೊಸ್ತಿಲನ್ನು ನೋಡುತ್ತಾ, "ಇಲ್ಲಿ ನೋಡೋದು ಏನಿದೆ?"

"ಒಂದ್ ಗಳಿಗೆ ನಿಂತ್ಕಳಿ," ಎಂದೆ. "ಬತ್ತದೆ."